ಕುಡಿದಿಲ್ಲ ಎಂದ ಉಸ್ತಾದ

ಬಹಳ ಹಿಂದೆ, ಬಂಡೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳುಬಂಡೆ ಎಂಬ ಒಂದು ರಾಜ್ಯವಿತ್ತು. ಎಷ್ಟು ದೊಡ್ಡ ರಾಜ್ಯ ಅಂದರೆ, ಈ ಗಡಿಯಲ್ಲಿ ಕೂಗಿದ ಹುಂಜದ ಕೂಗು ಆ ಗಡಿ ಮುಟ್ಟುವ ಹೊತ್ತಿಗೆ ಹುಂಜ ಮುದಿಯಾಗಿರುತ್ತಿತ್ತು. ಆ ಹುಂಜದ ವಂಶದ್ದೊಂದು ನಮ್ಮ ಮನೆಯಲ್ಲೂ ಇತ್ತು, ಅದಕ್ಕೇ ನನಗಿದು ಗೊತ್ತು.

ಆ ರಾಜ್ಯದ ಸಿಂಹಾಸನದ ಮೇಲೆ ರಾಜ ಕೂತಿರಲಿಲ್ಲ. ನೆರಳಯ್ಯ ಎಂಬ ಮಾಯಗಾರ ಕೂತಿದ್ದ. ರಾಜನನ್ನು ಗಿಣಿ ಮಾಡಿ ಪಂಜರಕ್ಕೆ ಹಾಕಿದ್ದ. ಅರಮನೆಯ ಮುಂದೆ ಒಂದು ಕುಸ್ತಿ ಕಣ ಮಾಡಿಸಿದ್ದ. ಆ ಕಣದ ಮಣ್ಣು ಮಾಯದ ಮಣ್ಣು. ಅದರ ಮೇಲೆ ಯಾರ ಎರಡೂ ಭುಜ ತಾಗಿ ಬೆನ್ನು ನೆಲಕ್ಕೆ ಬೀಳುತ್ತದೋ, ಅಂದರೆ ಯಾರು ಚಿತ್ ಆಗುತ್ತಾರೋ, ಅವರು ಅಲ್ಲೇ ಕಲ್ಲಾಗುತ್ತಿದ್ದರು. ಇನ್ನೊಂದು ಮಾಯವೂ ಇತ್ತು. ಆ ಮಣ್ಣಿನ ಮೇಲೆ ಮನುಷ್ಯನಿಗಿಂತ ಮೊದಲು ಅವನ ನೆರಳು ಅಲ್ಲಾಡುತ್ತಿತ್ತು. ನೀನು ಬಲಗೈ ಎತ್ತುವ ಮೊದಲೇ ನೆರಳು ಬಲಗೈ ಎತ್ತಿರುತ್ತಿತ್ತು. ನೆರಳಯ್ಯ ನೆರಳು ನೋಡಿಕೊಂಡು ಹೊಡೆಯುತ್ತಿದ್ದ. ಹಾಗಾಗಿ ಅವನನ್ನು ಗೆದ್ದವರೇ ಇರಲಿಲ್ಲ. ತಾನು ಸಾಕಿದ ಗೂಳಿಯನ್ನೂ, ಮುಸುವ ಎಂಬ ಕರಿಮೂತಿ ಕೋತಿಯನ್ನೂ, ಕೊನೆಗೆ ತನ್ನನ್ನೂ ಕೆಡವಿದವನಿಗೆ ಕಲ್ಲಾದವರೆಲ್ಲ ವಾಪಸು ಎಂದು ಅವನು ಡಂಗುರ ಹೊಡೆಸಿದ್ದ.

ದುಗ್ಗ ಎಂಬ ಕುಂಬಾರನ ಅಣ್ಣ ಕೊಟ್ರ ಹೀಗೇ ಹೋಗಿ ಕಲ್ಲಾಗಿದ್ದ. ದುಗ್ಗ ದಿನಾ ಕಣಕ್ಕೆ ಹೋಗಿ, ಮಡಕೆ ತಟ್ಟುವ ಹಾಗೆ ಅಣ್ಣನ ಕಲ್ಲೆದೆಯನ್ನು ಬೆರಳಿನಿಂದ ತಟ್ಟುತ್ತಿದ್ದ. ಒಳಗಿನಿಂದ ಸಣ್ಣಗೆ ದನಿ ಬರುತ್ತಿತ್ತು. ಉಸಿರು ಇನ್ನೂ ಇತ್ತು. ಆದರೆ ಕಾಲಿನಿಂದ ಪಾಚಿ ಹತ್ತುತ್ತಿತ್ತು. ಪಾಚಿ ಕಣ್ಣು ಮುಚ್ಚಿದ ದಿನ ಒಳಗಿನ ಉಸಿರೂ ಕಲ್ಲಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಪಾಚಿ ಆಗಲೇ ಎದೆಗೆ ಬಂದಿತ್ತು.

ದುಗ್ಗ ಅನುಮಾನದ ಮನುಷ್ಯ. ತಟ್ಟಿ ನೋಡದೆ ಯಾವ ಮಡಕೆಯನ್ನೂ ಒಲೆಗೆ ಇಟ್ಟವನಲ್ಲ. ಮದುವೆ ಮನೆಯಲ್ಲಿ ಹೋಳಿಗೆಯನ್ನೂ ಮಡಚಿ ನೋಡಿ ತಿನ್ನುತ್ತಿದ್ದ. ಅಂಥವನಿಗೆ ಊರವರು ಹೇಳಿದರು, "ನಿನಗೆ ಕುಸ್ತಿ ಕಲಿಸೋನು ಒಬ್ಬನೇ. ಈಚಲವನದ ಗಾದ್ರಜ್ಜ."

ಗಾದ್ರಜ್ಜ ಕುಡುಕ. ಹೆಗಲಿಗೆ ಸೋರೆಬುರುಡೆ, ಬುರುಡೆ ತುಂಬ ಹೆಂಡ. ಅವನು ನಡೆದರೆ ದಾರಿಯೇ ಅವನ ಹಿಂದೆ ಓಲಾಡಿಕೊಂಡು ಬರುತ್ತಿತ್ತು. ದುಗ್ಗ ಹೋದಾಗ ಅವನು ಒಂದು ಈಚಲ ಮರಕ್ಕೆ ನಮಸ್ಕಾರ ಮಾಡಿ, "ಬನ್ನಿ ಗೌಡ್ರೇ, ಕೂತ್ಕಳಿ" ಎನ್ನುತ್ತಿದ್ದ.

"ಉಸ್ತಾದ, ಕುಡಿದಿದ್ದೀರಾ?" ಎಂದ ದುಗ್ಗ.

"ಯಾವನೋ ಹಂಗಂದೋನು!" ಗಾದ್ರಜ್ಜ ಗರ್ಜಿಸಿದ. "ನಾನು ಮೂಸಿ ಕೂಡ ನೋಡಿಲ್ಲ. ಕುಡಿದಿರೋದು ಈ ನೆಲ. ನೋಡು ಹೆಂಗೆ ಅಲ್ಲಾಡ್ತೈತೆ."

ಹೀಗಂದವನೇ ಬೋರಲು ಬಿದ್ದ. ಬಾಯಿಂದ ಹೆಂಡದ ವಾಸನೆ ಮೂರು ಹರದಾರಿ ಹೋಯಿತು.

ದುಗ್ಗನ ಮನಸ್ಸಿನಲ್ಲಿ ಮೊದಲ ಅನುಮಾನ ಹುಟ್ಟಿತು. ಕಣ್ಣೆದುರಿನ ಬುರುಡೆಯ ಬಗ್ಗೆಯೇ ಸುಳ್ಳು ಹೇಳುವ ಮುದುಕ ಇನ್ನು ಯಾವುದರ ಬಗ್ಗೆ ನಿಜ ಹೇಳುತ್ತಾನೆ? ಆದರೂ ಪಾಚಿಯನ್ನು ನೆನೆಸಿಕೊಂಡು ಕಾಲಿಗೆ ಬಿದ್ದ. ಕಲಿಯಲು ಕುಡಿಯಲೇಬೇಕಾದರೆ ಹೋಗಲಿ ಎಂದು ಬುರುಡೆಗೂ ಕೈ ಚಾಚಿದ.

"ತೆಗಿ ಕೈ!" ಎಂದ ಗಾದ್ರಜ್ಜ. "ಇದು ನಿನಗಲ್ಲ. ನಿನ್ನ ತಿಗರಿ ತಗಂಬಾ."

ದುಗ್ಗ ಮಡಕೆ ಮಾಡುವ ತಿಗರಿಯನ್ನು ಹೊತ್ತು ತಂದ. ಗಾದ್ರಜ್ಜ ಅವನನ್ನು ತಿಗರಿಯ ಮೇಲೆ ನಿಲ್ಲಿಸಿ ಗಿರಗಿರ ತಿರುಗಿಸಿದ. ನೂರು ಸುತ್ತು ತಿರುಗಿಸಿ ಇಳಿಸಿ, "ನಡಿ" ಎಂದ. ದುಗ್ಗ ಪೂರ್ವಕ್ಕೆ ಕಾಲಿಟ್ಟರೆ ಪಶ್ಚಿಮಕ್ಕೆ ಹೋದ. ಅವನ ನೆರಳು ಎತ್ತ ಹೋಗಬೇಕೆಂದು ತಿಳಿಯದೆ ಸುಮ್ಮನೆ ನಡುಗಿತು.

"ನಿನಗೇ ಗೊತ್ತಿಲ್ಲದಿದ್ದರೆ ನೆರಳಿಗೆ ಹೆಂಗೆ ಗೊತ್ತಾಗ್ತದೆ?" ಎಂದು ಗಾದ್ರಜ್ಜ ನಕ್ಕ. "ಇನ್ನೊಂದು ಪಾಠ. ಹಿಂದಕ್ಕೆ ಬೀಳು. ಕೈ ಊರಬೇಡ, ತಿರುಗಿ ನೋಡಬೇಡ. ನಾನು ಹಿಡಿತೀನಿ."

ದುಗ್ಗ ಬಿದ್ದ. ಯಾರೂ ಹಿಡಿಯಲಿಲ್ಲ. ತಲೆಗೆ ಕೋಳಿಮೊಟ್ಟೆಯಷ್ಟು ಬುಗುಟು ಬಂತು. ತಿರುಗಿ ನೋಡಿದರೆ ಗಾದ್ರಜ್ಜ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ.

ಆಮೇಲೆ ದಿನಾ ಗಾದ್ರಜ್ಜ "ಬೀಳು" ಎನ್ನುತ್ತಿದ್ದ, ದಿನಾ ದುಗ್ಗ ಬೀಳುತ್ತ ಕೈ ಊರುತ್ತಿದ್ದ. ನಲವತ್ತು ದಿನ ಹೀಗೇ ಆಯಿತು. ಗಾದ್ರಜ್ಜ ಬುರುಡೆಗೆ ಬಾಯಿ ಹಚ್ಚಿ ನಿಟ್ಟುಸಿರು ಬಿಟ್ಟ. "ಎಲ್ಲಾ ಕಲ್ತೆ ಕುಂಬಾರ. ಇದೊಂದು ಕಲೀಲಿಲ್ಲ."

ಪಾಚಿ ಕೊಟ್ರನ ಕುತ್ತಿಗೆಗೆ ಬಂದಿತ್ತು. ಇಬ್ಬರೂ ತಿಗರಿ ಹೊತ್ತುಕೊಂಡು ಅರಮನೆಗೆ ಹೊರಟರು.

ಮೊದಲ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಂಜರದ ಗಿಣಿ ಕೂಗಿತು, "ಒಂದನೇ ಕಾಳಗ! ಶುರು!"

ಉಕ್ಕಿನ ಗೂಳಿ ಬಂತು. ಅದು ಸೀನಿದರೆ ಏಳು ಊರಿನ ಹೆಂಚು ಹಾರುತ್ತಿದ್ದವು. ಅದರ ಗೊರಸಿನ ಗುಂಡಿಯೊಂದರಲ್ಲಿ ನಾನು ಚಿಕ್ಕಂದಿನಲ್ಲಿ ಈಜು ಕಲಿತಿದ್ದೇನೆ, ಅಷ್ಟು ಆಳ. ಆ ಗೂಳಿ ನೇರ ಗಾದ್ರಜ್ಜನ ಹತ್ತಿರ ಹೋಗಿ, ತಲೆ ತಗ್ಗಿಸಿ, ಅವನ ಅಂಗೈ ನೆಕ್ಕಿತು. ಗಾದ್ರಜ್ಜ ಅದರ ಕಿವಿಯಲ್ಲಿ ಏನೋ ಹೇಳಿದ.

ದುಗ್ಗ ಇದನ್ನು ಕಂಡ. ಮಾಯಗಾರನ ಗೂಳಿಗೆ ಇವನ ಗುರುತು ಹೇಗೆ?

"ಅದಕ್ಕೆ ಏನು ಹೇಳಿದ್ರಿ?" ಎಂದು ಕೇಳಿದ.

"ಸೆಕೆ ಜಾಸ್ತಿ ಅಂದೆ. ಕೇಳು ಮಗಾ, ಕೆಡವೋದಾದ್ರೆ ಮೆಲ್ಲಗೆ ಕೆಡವು. ಕೊಂಬು ಮುರೀಬೇಡ."

ಶತ್ರುವಿನ ಗೂಳಿಯ ಕೊಂಬಿನ ಮೇಲೆ ಇಷ್ಟು ಮಮತೆ ಏಕೆ? ದುಗ್ಗ ತಿಗರಿ ಹತ್ತಿದ. ಗಾದ್ರಜ್ಜ ಅವನನ್ನು ತಿಗರಿಯ ಮೇಲೆ ತಿರುಗಿಸಿ ಕಣಕ್ಕೆ ಬಿಟ್ಟ. ದುಗ್ಗ ಓಲಾಡಿದ. ಅವನ ನೆರಳು ಎಡಕ್ಕೂ ಹೋಯಿತು, ಬಲಕ್ಕೂ ಹೋಯಿತು. ನೆರಳು ನೋಡಿ ಹಾಯುವುದನ್ನೇ ಕಲಿತಿದ್ದ ಗೂಳಿ ಅರ್ಧ ಎಡಕ್ಕೆ ಅರ್ಧ ಬಲಕ್ಕೆ ತಿರುಗಿ, ನಾಲ್ಕೂ ಕಾಲಿಗೆ ಗಂಟು ಹಾಕಿಕೊಂಡಿತು. ದುಗ್ಗ ಬೆರಳಿನಿಂದ ನೂಕಿದ. ಅದು ಬೆನ್ನ ಮೇಲೆ ಬಿದ್ದು ಕಲ್ಲಾಯಿತು.

"ಚಿತ್!" ಎಂದಿತು ಗಿಣಿ.

ಜನ ಕುಣಿದರು. ಗಾದ್ರಜ್ಜ ಮಾತ್ರ ಕಲ್ಲಿನ ಕೊಂಬು ಸವರಿ, ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ.

"ಅಳ್ತಿದ್ದೀರಾ?"

"ಧೂಳು."

ಎರಡನೇ ದಿನ ಪಾಚಿ ಕೊಟ್ರನ ತುಟಿಗೆ ಬಂದಿತ್ತು. ಗಿಣಿ ಕೂಗಿತು, "ಎರಡನೇ ಕಾಳಗ! ಶುರು!"

ಕನ್ನಡಿ ಮುಸುವ ಬಂತು. ಮೈಯೆಲ್ಲ ಕನ್ನಡಿ. ಎದುರಿಗೆ ನಿಂತವನು ಏನು ಮಾಡಿದರೂ ಅದೂ ಅದನ್ನೇ ಮಾಡುತ್ತಿತ್ತು. ಆದರೆ ಮೊದಲು ಅದು ಓಡಿ ಹೋಗಿ ಗಾದ್ರಜ್ಜನ ಕಾಲು ಮುಟ್ಟಿ ಹಣೆಗೆ ಒತ್ತಿಕೊಂಡಿತು. ಶಿಷ್ಯ ಗುರುವಿಗೆ ಮಾಡುವ ಹಾಗೆ! ದುಗ್ಗನಿಗೆ ಎದೆಯಲ್ಲಿ ಒಲೆ ಹೊತ್ತಿತು. ಅಣ್ಣನಿಗೂ ಈ ಮುದುಕನೇ ಏನೋ ಹೇಳಿಕೊಟ್ಟು ಕೆಡವಿಸಿದನೇ?

ಹಾಗೆ ಯೋಚಿಸುತ್ತಲೇ ತಿಗರಿಯಿಂದ ಕಣಕ್ಕಿಳಿದ. ತಲೆ ತಿರುಗುತ್ತಿತ್ತು. ಅವನು ಬಲಗೈ ಎತ್ತಿದರೆ ಮುಸುವ ಎಡಗೈ ಎತ್ತಿತು. ಎಡಕ್ಕೆ ಓಲಿದರೆ ಅದು ಬಲಕ್ಕೆ ಓಲಿತು. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗು ಎಂದು ದುಗ್ಗನಿಗೆ ಆಗ ಹೊಳೆಯಿತು. ಅವನು ದಬಕ್ಕನೆ ಬೋರಲು ಬಿದ್ದ. ಮುಸುವ ದಬಕ್ಕನೆ ಅಂಗಾತ ಬಿದ್ದು ಕಲ್ಲಾಯಿತು.

"ಚಿತ್!" ಎಂದಿತು ಗಿಣಿ.

ಆ ಸಂಜೆ ದುಗ್ಗ ಗಾದ್ರಜ್ಜನ ಎದುರು ನಿಂತು ಕೇಳಿಯೇಬಿಟ್ಟ. "ಉಸ್ತಾದ, ನಿಜ ಹೇಳಿ. ನೀವು ನೆರಳಯ್ಯನ ಕಡೆಯವರಾ?"

ಗಾದ್ರಜ್ಜ ಬುರುಡೆಯ ಮುಚ್ಚಳ ತಿರುಗಿಸಿ ತೆಗೆದ. "ನೆರಳಯ್ಯ ನನ್ನ ಗರಡಿಯಲ್ಲೇ ಬೆಳೆದೋನು" ಎಂದ. "ಗೂಳಿ ನನ್ನ ಶಿಷ್ಯ ಬಂಗಾರಿ. ಮುಸುವ ನನ್ನ ಶಿಷ್ಯ ಓಬಳಿ. ಜತೆಯಲ್ಲಿ ಉಂಡೋರನ್ನೇ ಅವನು ಹಂಗೆ ಮಾಡಿದ. ಅವತ್ತಿಂದ ನೆಟ್ಟಗೆ ನಿಲ್ಲೋಕೆ ನನಗೆ ಮನಸ್ಸಿಲ್ಲ."

"ಅದಕ್ಕೇ ಕುಡಿಯೋದಾ?"

"ನಾನೆಲ್ಲಿ ಕುಡೀತೀನೋ!" ಎಂದು ಗಾದ್ರಜ್ಜ ಒಂದೇ ಗುಟುಕಿಗೆ ಬುರುಡೆ ಖಾಲಿ ಮಾಡಿದ.

ಮಾತು ನಿಜದ ಹಾಗೂ ಇತ್ತು, ಕತೆಯ ಹಾಗೂ ಇತ್ತು. ದುಗ್ಗ ನಂಬಲೂ ಇಲ್ಲ, ಬಿಡಲೂ ಇಲ್ಲ.

ಮೂರನೇ ದಿನ ಪಾಚಿ ಕೊಟ್ರನ ಕೆಳರೆಪ್ಪೆಗೆ ಬಂದಿತ್ತು. ದುಗ್ಗ ತಟ್ಟಿ ನೋಡಿದ. ದನಿ ಇತ್ತೋ ಇಲ್ಲವೋ ಎಂಬಂತಿತ್ತು. ನೆರಳಯ್ಯ ಸಿಂಹಾಸನ ಇಳಿದು ಕಣಕ್ಕೆ ಬಂದ. ಕಾಳಗಕ್ಕೆ ಮುಂಚೆ ಉಸ್ತಾದ ಕಣಕ್ಕಿಳಿದು ಶಿಷ್ಯನ ಹಣೆಗೆ ಮಣ್ಣು ಹಚ್ಚುವುದು ಗರಡಿಯವರ ಪದ್ಧತಿ. ಗಾದ್ರಜ್ಜ ದುಗ್ಗನನ್ನು ತಿಗರಿಯಿಂದ ಇಳಿಸಿ, ಹಿಡಿ ಮಣ್ಣು ತೆಗೆದುಕೊಂಡು ಬಗ್ಗಿದ.

"ಮೂರನೇ ಕಾಳಗ! ಶುರು!" ಎಂದಿತು ಗಿಣಿ.

ನೆರಳಯ್ಯ ನೆಲಕ್ಕೆ ಕಾಲು ಅಪ್ಪಳಿಸಿದ. ಧೂಳು ಆಕಾಶಕ್ಕೆ ಎದ್ದಿತು. ಧೂಳು ಇಳಿದಾಗ ಕಣದಲ್ಲಿ ನೆರಳಯ್ಯ ಇರಲಿಲ್ಲ. ಇಬ್ಬರು ಗಾದ್ರಜ್ಜರಿದ್ದರು. ಇಬ್ಬರ ಹೆಗಲಲ್ಲೂ ಬುರುಡೆ. ಇಬ್ಬರೂ ಓಲಾಡುತ್ತಿದ್ದರು. ಇಬ್ಬರ ಬಾಯಲ್ಲೂ ಹೆಂಡದ ವಾಸನೆ.

"ತಪ್ಪು ಮನುಷ್ಯನನ್ನು ಕೆಡವಿದರೆ ನೀನೂ ಕಲ್ಲು!" ಎಂದು ಎರಡು ಬಾಯಿಂದಲೂ ಒಂದೇ ಮಾತು ಬಂತು. ಒಬ್ಬ ಬೆದರಿಸಿ ಹೇಳಿದ, ಒಬ್ಬ ಎಚ್ಚರಿಸಿ ಹೇಳಿದ. ಯಾವುದು ಯಾರದು ಎಂದು ಯಾರಿಗೆ ಗೊತ್ತು?

ದುಗ್ಗ ಇಬ್ಬರ ಎದೆಯನ್ನೂ ಮಡಕೆಯ ಹಾಗೆ ತಟ್ಟಿದ. ಒಂದೇ ದನಿ. "ನನ್ನ ತಲೆಗೆ ಏನಾಗಿತ್ತು?" ಎಂದು ಕೇಳಿದ. ಇಬ್ಬರೂ "ಬುಗುಟು" ಎಂದರು. "ಗೂಳಿಯ ಹೆಸರೇನು?" ಇಬ್ಬರೂ "ಬಂಗಾರಿ" ಎಂದರು. ಕೇಳುತ್ತ ಕೇಳುತ್ತ ಅವನ ತಲೆ ತಿರುಗುವುದು ನಿಂತುಹೋಯಿತು. ಅವನ ನೆರಳು ನೆಟ್ಟಗಾಯಿತು. ಪಾಚಿ ಕೊಟ್ರನ ಕಣ್ಣಿನ ಬಿಳಿ ಮುಟ್ಟಿತು.

ದುಗ್ಗನಿಗೆ ಆಗ ತನ್ನ ಮೊದಲ ಅನುಮಾನ ನೆನಪಾಯಿತು. ಈ ಮುದುಕ ಒಂದೇ ಒಂದು ವಿಷಯದಲ್ಲಿ ಯಾವತ್ತೂ ನಿಜ ಹೇಳಿದವನಲ್ಲ.

"ಉಸ್ತಾದ, ಕುಡಿದಿದ್ದೀರಾ?" ಎಂದು ಕೇಳಿದ.

ಎಡಗಡೆಯವನು ತಕ್ಷಣ ಅಂದ, "ಹೌದು ಮಗಾ, ಕಂಠಮಟ್ಟ ಕುಡಿದಿದ್ದೀನಿ. ಇಡೀ ಸೀಮೆಗೇ ಗೊತ್ತಲ್ಲ, ನಾನೇ ಕುಡುಕ ಗಾದ್ರ!"

ಬಲಗಡೆಯವನು ಕಣ್ಣು ಕೆಂಪಗೆ ಮಾಡಿ, ಗಡ್ಡ ನಡುಗಿಸಿ ಗರ್ಜಿಸಿದ, "ಯಾವನೋ ಹಂಗಂದೋನು! ನಾನು ಮೂಸಿ ಕೂಡ ನೋಡಿಲ್ಲ!" ಹೀಗಂದವನೇ ಬೋರಲು ಬಿದ್ದ.

ಕಣದ ಸುತ್ತ ಕೂತಿದ್ದ ಅಷ್ಟೂ ಜನ ಗೊಳ್ಳೆಂದು ನಕ್ಕರು. ಕುಡಿದವನು ಕುಡಿದಿದ್ದೇನೆ ಎಂದದ್ದು ಆ ಸೀಮೆಯಲ್ಲಿ ಯಾರಾದರೂ ಕೇಳಿದ್ದುಂಟೇ? ಎಲ್ಲ ನೆರಳನ್ನೂ ಓದಿದ್ದ ನೆರಳಯ್ಯ ಒಬ್ಬ ಕುಡುಕನನ್ನು ಓದಿರಲಿಲ್ಲ.

ಸಿಕ್ಕಿಬಿದ್ದೆ ಎಂದು ತಿಳಿದು ಎಡಗಡೆಯವನ ಗಡ್ಡ ಉದುರಿತು. ನೆರಳಯ್ಯ ತನ್ನ ರೂಪದಲ್ಲೇ ನಿಂತು ದುಗ್ಗನ ನೆಟ್ಟಗಿನ ನೆರಳು ನೋಡಿದ. "ಕಂಡುಹಿಡಿದರೇನಾಯಿತು ಕುಂಬಾರ? ಈಗ ನಿನ್ನ ನೆರಳು ನನ್ನ ಕೈಯಲ್ಲಿದೆ. ಬಾ!"

ಹಿಂದಿನಿಂದ ನೆಲದ ಮೇಲಿದ್ದ ಗಾದ್ರಜ್ಜನ ದನಿ ಬಂತು. "ಮಗಾ, ಬೀಳು."

ದುಗ್ಗ ಲೆಕ್ಕ ಹಾಕಿದ. ಹಿಂದಕ್ಕೆ ಬಿದ್ದರೆ ಎರಡೂ ಭುಜ ನೆಲಕ್ಕೆ. ನೆಲಕ್ಕೆ ತಾಗಿದರೆ ಕಲ್ಲು. ತಿರುಗಿ ನೋಡಿದರೆ ನೆರಳೂ ತಿರುಗಿ ನೋಡುತ್ತದೆ. ಮೊದಲ ದಿನದ ಬುಗುಟು ಇನ್ನೂ ತಲೆಯಲ್ಲಿತ್ತು. ನಲವತ್ತು ದಿನ ಊರಿದ ಕೈ ಈಗಲೂ ತಾನಾಗಿಯೇ ಹಿಂದಕ್ಕೆ ಹೊರಟಿತ್ತು.

ಅವನು ಆ ಕೈಯನ್ನು ಎದೆಗೆ ಒತ್ತಿ ಹಿಡಿದು ಬಿದ್ದ.

ನೆರಳು ಅವನಿಗಿಂತ ಮೊದಲು ಅಂಗಾತ ಬಿತ್ತು. ನೆರಳಯ್ಯ ಅದನ್ನು ನೋಡಿ ಕೇಕೆ ಹಾಕಿ, ಭುಜ ಒತ್ತಲು ಮೇಲೆ ಹಾರಿದ. ಆದರೆ ನೆರಳಿನಲ್ಲಿ ಬೀಳುವುದು ಕಾಣುತ್ತದೆ, ಹಿಡಿಯುವವನು ಕಾಣುವುದಿಲ್ಲ. ಗಾದ್ರಜ್ಜ ತೆವಳಿ ಬಂದು ದುಗ್ಗನ ಹಿಂದೆಯೇ ಬೋರಲು ಮಲಗಿದ್ದ. ದುಗ್ಗನ ಎರಡೂ ಭುಜ ಬಿದ್ದದ್ದು ಮಣ್ಣಿನ ಮೇಲಲ್ಲ, ಮುದುಕನ ಬೆನ್ನಿನ ಮೇಲೆ. ಬಿದ್ದ ರಭಸಕ್ಕೆ ಅವನ ಎರಡು ಕಾಲೂ ಮೇಲೆದ್ದು ನೆರಳಯ್ಯನ ಹೊಟ್ಟೆಗೆ ತಗುಲಿದವು. ನೆರಳಯ್ಯ ಗಾಳಿಯಲ್ಲಿ ಪಲ್ಟಿ ಹೊಡೆದ. ಮೋಡಕ್ಕೆ ತಲೆ ತಾಗಿಸಿಕೊಂಡು ವಾಪಸು ಬಂದು, ಎರಡೂ ಭುಜ ತಾಗುವ ಹಾಗೆ ಅಂಗಾತ ಬಿದ್ದ.

"ಚಿತ್! ಚಿತ್! ಚಿತ್!" ಎಂದು ಗಿಣಿ ಪಂಜರ ಮುರಿದುಕೊಂಡು ಹೊರಬಂತು. ಹೊರಬಂದದ್ದು ಗಿಣಿಯಲ್ಲ, ರಾಜ.

ನೆರಳಯ್ಯ ತನ್ನ ಮಣ್ಣಿನಲ್ಲಿ ತಾನೇ ಕಲ್ಲಾದ. ಕಣದ ಕಲ್ಲುಗಳೆಲ್ಲ ಕೆಮ್ಮುತ್ತ ಎದ್ದವು. ಗೂಳಿ ಇದ್ದಲ್ಲಿ ಬಂಗಾರಿ ಎದ್ದ, ಎರಡೂ ತೋಳು ನೆಟ್ಟಗಿದ್ದವು. ಕೊಂಬು ಮುರಿಯಬೇಡ ಎಂದದ್ದು ಏಕೆಂದು ದುಗ್ಗನಿಗೆ ಆಗ ತಿಳಿಯಿತು. ಓಬಳಿ ಎದ್ದು ಮೈಮೇಲಿನ ಕನ್ನಡಿ ಚೂರು ಕೊಡವಿಕೊಂಡ. ಕೊಟ್ರ ಕಣ್ಣಿನ ಪಾಚಿ ಉಜ್ಜಿಕೊಂಡು, "ಲೇ ದುಗ್ಗ, ದಿನಾ ಬಂದು ಎದೆಗೆ ಕುಟ್ತಿದ್ದೆಯಲ್ಲ, ನೋವಾಗ್ತಿತ್ತು ಕಣೋ" ಎಂದ. ದುಗ್ಗ ಅಣ್ಣನನ್ನು ತಬ್ಬಿಕೊಂಡು ಅತ್ತ.

ಗಾದ್ರಜ್ಜನ ಗರಡಿಯ ಬಾಗಿಲು ಮತ್ತೆ ತೆರೆಯಿತು. ಕಲ್ಲಾದ ನೆರಳಯ್ಯನ ಮೇಲೆ ಪೈಲ್ವಾನರು ಲಂಗೋಟಿ ಒಣಹಾಕಿದರು. ರಾಜ ಧರ್ಮದಿಂದ ಆಳಿದ. ಊಟಕ್ಕೆ ಕೂತಾಗ ಮಾತ್ರ ಹಳೆಯ ಅಭ್ಯಾಸ ಬಿಡದೆ, "ಶುರು!" ಎಂದು ಕೂಗುತ್ತಿದ್ದ, ಉಂಡಾದ ಮೇಲೆ "ಚಿತ್!" ಎನ್ನುತ್ತಿದ್ದ. ಆ ಕಾಳಗ ಮುಗಿದ ಸಂಜೆ ದುಗ್ಗ ಗಾದ್ರಜ್ಜನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೇಳಿದ, "ಉಸ್ತಾದ, ಇನ್ನಾದರೂ ಹೇಳಿ. ಕುಡಿದಿದ್ರಿ ಅಲ್ವಾ?"

"ಮೂಸಿ ಕೂಡ ನೋಡಿಲ್ಲ" ಎಂದ ಗಾದ್ರಜ್ಜ.

"ನಾನು ನಂಬ್ತೀನಿ" ಎಂದ ದುಗ್ಗ.

ಅವತ್ತಿನಿಂದ ಏಳುಬಂಡೆಯ ಜನರೆಲ್ಲ ಬೆನ್ನು ನೆಲಕ್ಕೆ ಹಚ್ಚಿ ನೆಮ್ಮದಿಯಾಗಿ ಮಲಗಿದರು. ಅವರು ಅಲ್ಲಿ ಸುಖ, ನಾವು ಇಲ್ಲಿ ಸುಖ. ಅನುಮಾನ ಇದ್ದವರು ಹೋಗಿ ಆ ನೆರಳಯ್ಯನ ಕಲ್ಲು ತಟ್ಟಿ ನೋಡಬಹುದು.