ಗೋಲಿನ ಹಿಂದಿನ ಗೂಡಂಗಡಿ

ಕ್ಲಿಫ್ ಬ್ರಾಡ್‌ಬೆಂಟ್‌ಗೆ ನನ್ನನ್ನು ಊರಿನಿಂದ ಸಾಗಹಾಕುವ ಆತುರ ಎಷ್ಟಿದೆ ಎಂದು ನನಗೆ ಗೊತ್ತಾದದ್ದು, ಅವನು ಬೇಕರಿ ಒಲೆಯ ಬಿಸಿ ಬೂದಿಯನ್ನು ಎರಡೂ ಕೈಯ ಬಕೆಟ್‌ಗಳಲ್ಲಿ ಹೊತ್ತು ಮೈದಾನಕ್ಕೆ ಬಂದ ದಿನ.

ಇದನ್ನು ಮೊದಲಿನಿಂದ ಹೇಳಬೇಕು.

1963ರ ಚಳಿಗಾಲವದು. ಕ್ರಿಸ್ಮಸ್ ಮರುದಿನ ಬಿದ್ದ ಹಿಮ ಮಾರ್ಚ್ ಬಂದರೂ ಹೋಗುವ ಲಕ್ಷಣ ತೋರಲಿಲ್ಲ. ಸ್ಕೆಲ್ವಿಕ್‌ನಲ್ಲಿದ್ದ ನಮ್ಮ ಡಾಟ್ ದೊಡ್ಡಮ್ಮ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನಾನು ಬ್ರಿಸ್ಟಲ್‌ನಲ್ಲಿ ಒಂದು ಕೆಲಸ ಬಿಟ್ಟು, ಮಾರ್ಚ್ ಮಧ್ಯದಲ್ಲಿ ಅಲ್ಲಿನ ಗ್ರಂಥಾಲಯದ ಕೆಲಸಕ್ಕೆ ಸೇರುವವಳಿದ್ದೆ. ನಡುವೆ ಸುಮ್ಮನೆ ಕೂತವಳನ್ನು ಅಮ್ಮ ರೈಲು ಹತ್ತಿಸಿ ಕಳಿಸಿದಳು.

ದೊಡ್ಡಮ್ಮನಿಗೆ ಮುರಿದ ಕೈಗಿಂತ ಗೂಡಂಗಡಿಯದೇ ಚಿಂತೆ. ಸ್ಕೆಲ್ವಿಕ್ ಟೌನ್ ತಂಡದ ಮೈದಾನದಲ್ಲಿ, ರೈಲು ಹಳಿಯ ಕಡೆಯ ಗೋಲಿನ ಹಿಂದೆ, ತಗಡಿನ ಮಾಡಿನ ಒಂದು ಗೂಡಂಗಡಿ ಇತ್ತು. ಟೀ, ಪೈ, ಬಿಸಿ ಮಾಂಸದ ಸಾರು. ಪಂದ್ಯವಿದ್ದ ದಿನ ಅದನ್ನು ನಡೆಸುವವಳು ಅವಳೇ. ನಮ್ಮ ತಂಡ ಎಂದರೆ ಇಟ್ಟಿಗೆ ಗೂಡಿನವರು, ಒಬ್ಬ ಪೋಸ್ಟ್‌ಮ್ಯಾನ್, ಒಬ್ಬ ಶಾಲೆಯ ಮೇಷ್ಟ್ರು. ಆ ವರ್ಷ ಅದೃಷ್ಟವೋ ಏನೋ, ಇಡೀ ದೇಶದ ಫುಟ್‌ಬಾಲ್ ತಂಡಗಳು ಆಡುವ ಎಫ್.ಎ. ಕಪ್‌ನ ಮೂರನೆಯ ಸುತ್ತಿಗೆ ಬಂದುಬಿಟ್ಟಿದ್ದರು. ಎದುರಾಳಿ ವೆಸ್ಟ್‌ಹ್ಯಾವನ್. ದೇಶದ ಅತಿ ಮೇಲಿನ ದರ್ಜೆಯಾದ ಮೊದಲ ಡಿವಿಷನ್ನಿನ ತಂಡ. ಅವರ ಆಟಗಾರರ ಚಿತ್ರವನ್ನು ಮಕ್ಕಳು ಅಂಟಿಸಿ ಇಟ್ಟುಕೊಳ್ಳುತ್ತಿದ್ದರು.

"ಪಂದ್ಯ ಮುಗಿಯೋವರೆಗೆ ಇದ್ದು ಹೋಗೇ ಎನಿಡ್," ಎಂದಳು ದೊಡ್ಡಮ್ಮ. "ಆ ದಿನ ಅಂಗಡಿ ಮುಚ್ಚಿದ್ರೆ ಊರೋರು ನನ್ನನ್ನ ಜೀವಸಹಿತ ಹೂಳ್ತಾರೆ."

"ಹೂಳೋಕೆ ನೆಲ ಅಗಿಯೋಕಾಗಲ್ಲ ದೊಡ್ಡಮ್ಮ. ಕಲ್ಲಾಗಿದೆ."

"ಹಾಗಾದ್ರೆ ಕರಗೋವರೆಗೆ ಎಲ್ಲಾದ್ರೂ ಒರಗಿಸಿ ಇಟ್ಟಿರ್ತಾರೆ."

ಸರಿ, ಇದ್ದು ಹೋಗುವುದೆಂದಾಯಿತು. ಪಂದ್ಯದ ದಿನ ಬೆಳಿಗ್ಗೆ ರೆಫರಿ ಬಂದ. ಮೈದಾನದ ನಡುವೆ ನಿಂತು ಬೂಟಿನ ಹಿಮ್ಮಡಿಯಿಂದ ನೆಲವನ್ನು ಗುದ್ದಿದ. ಬಾಗಿಲು ಬಡಿದಂತೆ ಸದ್ದಾಯಿತು. ಆಟ ಆಗದೆಂದು ತಲೆಯಾಡಿಸಿ ಹೊರಟುಹೋದ. ಮುಂದಿನ ಬುಧವಾರವೂ ಅಷ್ಟೇ. ಅದರ ಮುಂದಿನ ಶನಿವಾರವೂ ಅಷ್ಟೇ, ಹೀಗೇ ವಾರಗಟ್ಟಲೆ. ಪ್ರತಿ ಸಲ ನಾನು ಪೆಟ್ಟಿಗೆ ತುಂಬುವುದು, ಪ್ರತಿ ಸಲ ಬಿಚ್ಚುವುದು.

ಮೊದಲ ಸಲ ಪಂದ್ಯ ಮುಂದೂಡಿದ ದಿನವೇ ನಾನು ಕ್ಲಿಫ್‌ನನ್ನು ನೋಡಿದ್ದು. ಆಟಗಾರರೆಲ್ಲ ಸಲಿಕೆ ಹಿಡಿದು ಹಿಮ ಎತ್ತುತ್ತಿದ್ದರು, ಅವರಿಗೆ ಟೀ ಮಾಡಿದ್ದೆ. ಗೂಡಂಗಡಿಯ ಕಿಟಕಿಗೆ ಮೊದಲು ಎರಡು ದೊಡ್ಡ ಕೈ ಬಂದವು. ಮುಖ ಆಮೇಲೆ ಬಗ್ಗಿ ಇಣುಕಿತು. ಅಷ್ಟೆತ್ತರದ ಆಳು. ತಂಡದ ಗೋಲ್‌ಕೀಪರ್, ಉಳಿದಂತೆ ಬೇಕರಿಯ ವ್ಯಾನಿನಲ್ಲಿ ಮನೆಮನೆಗೆ ಬ್ರೆಡ್ ಕೊಡುವ ಕೆಲಸ.

ಒಂದು ಗುಟುಕು ಕುಡಿದು ಕಪ್ಪಿನೊಳಗೆ ನೋಡಿದ. "ಇದೇನ್ರೀ, ಟೀನಾ?"

"ಬ್ರಿಸ್ಟಲ್‌ನಲ್ಲಿ ಹೀಗೇ ಮಾಡೋದು."

"ಪಾಪ, ಬ್ರಿಸ್ಟಲ್."

ಆದರೆ ಪೂರ್ತಿ ಕುಡಿದ. ಬೇರೆಯವರೆಲ್ಲ ಕಪ್ಪನ್ನು ಅಲ್ಲೇ ಇಟ್ಟು ಹೋದರು. ಅವನು ತನ್ನದನ್ನು ತೊಳೆದು, ಅವರದನ್ನೂ ತೊಳೆದು, ನನ್ನ ಬೆರಳು ಚಳಿಗೆ ಒಡೆದಿರುವುದನ್ನು ಒಮ್ಮೆ ನೋಡಿ ಹೋದ. ಮರುದಿನ ಬಂದಾಗ ಅಂಗಡಿಯ ಕಲ್ಲು ನೆಲಕ್ಕೆ ದಪ್ಪ ಹಿಟ್ಟಿನ ಚೀಲ ಮಡಿಸಿ ಹಾಸಿತ್ತು.

"ಇದ್ಯಾರು ಹಾಸಿದ್ದು?" ಎಂದೆ.

"ಇಲಿಗಳು," ಎಂದ. "ನಮ್ಮೂರ ಇಲಿಗಳಿಗೆ ಮರ್ಯಾದೆ ಜಾಸ್ತಿ."

ಆಮೇಲೆ ದಿನವೂ ಮಧ್ಯಾಹ್ನ, ಬ್ರೆಡ್ ಕೊಟ್ಟು ಮುಗಿಸಿ, ಒಂದು ಬಿಸಿ ಬನ್ನನ್ನು ಕೋಟಿನ ಒಳಗೆ ಎದೆಗೆ ಒತ್ತಿಟ್ಟುಕೊಂಡು ಬರುತ್ತಿದ್ದ. ಉಳಿದದ್ದು, ಸುಮ್ಮನೆ ಎಸೆಯಬೇಕಲ್ಲ ಎನ್ನುತ್ತಿದ್ದ. ಉಳಿದ ಬನ್ ಬಿಸಿ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಎರಡು ಭಾಗ ಮಾಡುತ್ತಿದ್ದೆ. ಅವನು ಚಿಕ್ಕದನ್ನು ತೆಗೆದುಕೊಳ್ಳುತ್ತಿದ್ದ. ನಾನು ನೋಡುತ್ತಿಲ್ಲವೆಂದು ಅವನು ನನ್ನನ್ನು ನೋಡುತ್ತಿದ್ದ. ಅವನು ನೋಡುತ್ತಿದ್ದಾನೆಂದು ನಾನು ಬೇಕೆಂದೇ ಕೆಟಲಿನ ಕಡೆ ನೋಡುತ್ತಿದ್ದೆ. ಆ ದಿನಗಳಲ್ಲಿ ಹಿಮ ಬಿದ್ದಷ್ಟೂ ನನಗೆ ಸಂತೋಷ. ಹೊರಗೆ ಹೇಳುತ್ತಿರಲಿಲ್ಲ.

ಒಂದು ಸಂಜೆ ಅವನು ದೊಡ್ಡಮ್ಮನಿಗೆ ಬ್ರೆಡ್ ಕೊಡಲು ಮನೆಗೆ ಬಂದ. ದೊಡ್ಡಮ್ಮ ನನ್ನೆದುರಿಗೇ ಹೇಳಿದಳು:

"ಪಂದ್ಯ ಆದ ದಿನದ ಸಂಜೆ ರೈಲಿಗೇ ಇವಳು ಹೊರಡ್ತಾಳೆ ಕಣೋ ಕ್ಲಿಫ್. ಹೊಸ ಕೆಲಸ ಕಾಯ್ತಿದೆ."

ಅವನು "ಹೌದಾ" ಎಂದ. ಟೋಪಿ ಹಾಕಿಕೊಂಡ. ಹೋದ.

ಮರುದಿನ ಬಂದವು ಆ ಬೂದಿ ಬಕೆಟ್‌ಗಳು.

ಬೇಕರಿಯ ಒಲೆಯಿಂದ ಬಿಸಿಬಿಸಿ ಬೂದಿ ತಂದು ಗೋಲಿನ ಮುಂದೆ ಸುರಿದು ಹರಡಿದ. ಮತ್ತೆ ಹೋದ, ಮತ್ತೆ ತಂದ. ಉಳಿದವರು ಬೇಸತ್ತು ಮನೆ ಸೇರಿದ್ದರೂ ಇವನೊಬ್ಬ ಹೆಪ್ಪುಗಟ್ಟಿದ ಆ ಮೈದಾನದ ಮೇಲೆ ಬಾಗಿ, ಮೊಳದಷ್ಟು ಮೊಳದಷ್ಟು ನೆಲವನ್ನು ಬಿಡಿಸುತ್ತಿದ್ದ.

"ಏನ್ರೀ ಇಷ್ಟು ಅವಸರ?" ಎಂದೆ ನಾನು, ಕಿಟಕಿಯಿಂದ.

"ಶನಿವಾರ ಆಡ್ಲೇಬೇಕು, ಮಿಸ್ ಪ್ಯಾಸ್ಕೋ."

ಮಿಸ್ ಪ್ಯಾಸ್ಕೋ! ಅದಕ್ಕೂ ಹಿಂದಿನ ವಾರವಷ್ಟೇ ಎನಿಡ್ ಎಂದು ಕರೆಯಲು ಶುರು ಮಾಡಿದ್ದ. ಅವನಿಗೆ ನಾನು ಹೋಗುವುದು ಬೇಕಾಗಿದೆ, ಬೇಗ ಹೋಗುವುದು ಬೇಕಾಗಿದೆ. ಆ ಮಧ್ಯಾಹ್ನ ಅವನ ಟೀಗೆ ನಾನು ಸಕ್ಕರೆ ಹಾಕಲಿಲ್ಲ. ಅವನು ಅದನ್ನೂ ಪೂರ್ತಿ ಕುಡಿದ.

ಕೊನೆಗೊಂದು ರಾತ್ರಿ ಗಾಳಿ ತಿರುಗಿತು. ಬೆಳಿಗ್ಗೆ ಏಳುವಾಗ ಮಾಡಿನಿಂದ ತೊಟ್ಟಿಕ್ಕುವ ಸದ್ದು. ರೆಫರಿ ಬಂದು ಗುದ್ದಿದಾಗ ಅವನ ಹಿಮ್ಮಡಿ ಒಳಗಿಳಿಯಿತು. ಊರಿಗೆ ಊರೇ ಕೂಗಿತು. ನಾನು ಪೆಟ್ಟಿಗೆ ತುಂಬಿ ಬೀಗ ಹಾಕಿದೆ. ಈ ಸಲ ಬಿಚ್ಚುವುದಿಲ್ಲವೆಂದು ಗೊತ್ತಿತ್ತು. ಗೆದ್ದರೂ ಮುಂದಿನ ಪಂದ್ಯ ಕ್ಲಾರೆನ್ಸ್‌ಪೋರ್ಟ್‌ನಲ್ಲಿ, ಪರವೂರಿನಲ್ಲಿ, ಎಂದು ಆಗಲೇ ಚೀಟಿ ಎತ್ತಿ ಆಗಿತ್ತು. ನಮ್ಮ ಗೂಡಂಗಡಿಯಲ್ಲಿ ನನ್ನ ಕೆಲಸ ಅಲ್ಲಿಗೆ ತೀರಿತು.

ಮೊದಲರ್ಧದಲ್ಲಿ ಕ್ಲಿಫ್ ನಿಂತದ್ದು ನನ್ನ ಕಡೆಯ ಗೋಲಿನಲ್ಲಿ. ಅವನ ಬೆನ್ನು ನನಗೆ ಕೈಯಳತೆಯಲ್ಲಿತ್ತು. ಚೆಂಡು ಆ ಕಡೆ ಹೋದಾಗ ಅವನು ಹಿಂದೆ ಹಿಂದೆ ಸರಿದು ಬಲೆಯ ಹತ್ತಿರ ಬಂದ.

"ಮಿಸ್ ಪ್ಯಾಸ್ಕೋ, ಒಂದು ಮಾತು."

"ಪೆಟ್ಟಿಗೆ ಕಟ್ಟಿ ಆಯ್ತು. ನಿಮ್ಮ ಬೂದಿ ಚೆನ್ನಾಗಿ ಕೆಲಸ ಮಾಡಿತು."

"ಅಯ್ಯೋ, ಅದೇ ಮಾತು. ಆ ಬೂದಿ..."

"ಏ ಬ್ರಾಡ್‌ಬೆಂಟ್!" ಜನರ ನಡುವಿನಿಂದ ಯಾರೋ ಅರಚಿದರು. "ಸಂಬಂಧದ ಮಾತು ಆಮೇಲೆ ಆಡು! ಚೆಂಡು ಬಂತು ನೋಡೋ!"

ಅವನು ತಿರುಗಿದ, ಹಾರಿದ, ಬೆರಳ ತುದಿಯಿಂದ ಚೆಂಡನ್ನು ಕಂಬದ ಆಚೆ ತಳ್ಳಿದ. ಕೆಸರಿನಲ್ಲಿ ಬಿದ್ದಲ್ಲಿಂದಲೇ ಕತ್ತೆತ್ತಿ ನನ್ನ ಕಡೆ ನೋಡಿದ. ನಾನು ಪೈ ಕಟ್ಟುತ್ತಿರುವಂತೆ ನಟಿಸಿದೆ. ಎದೆ ಮಾತ್ರ ನಟಿಸಲಿಲ್ಲ.

ಮತ್ತೆರಡು ಸಲ ಅವನು ಹಾಗೆ ಬಂದ. ಎರಡೂ ಸಲ ಚೆಂಡೂ ಬಂತು. ವೆಸ್ಟ್‌ಹ್ಯಾವನ್ ಅಲೆಅಲೆಯಾಗಿ ನುಗ್ಗುತ್ತಿತ್ತು. ಅವನು ಎದೆಯಿಂದ, ಮೊಣಕಾಲಿನಿಂದ, ಒಮ್ಮೆ ಮುಖದಿಂದಲೂ ತಡೆದ. ಅರ್ಧ ಮುಗಿದಾಗ ಸೊನ್ನೆಗೆ ಸೊನ್ನೆ. ತಂಡಗಳು ತುದಿ ಬದಲಾಯಿಸಿದವು. ಅವನು ನಡೆದು ಆ ತುದಿಗೆ ಹೋದ.

ಎರಡನೆಯ ಅರ್ಧದಲ್ಲಿ ಪೋಸ್ಟ್‌ಮ್ಯಾನ್ ರೆಜ್ ಹೆಪ್‌ವರ್ತ್ ನನ್ನ ಕಣ್ಣೆದುರಿಗೇ ಜಾರಿ ಬಿದ್ದ. ಬೀಳುವಾಗ ಚೆಂಡು ಅವನ ಸೊಂಟಕ್ಕೆ ತಗುಲಿ ನಿಧಾನವಾಗಿ, ಯಾರನ್ನೋ ಹುಡುಕಿಕೊಂಡು ಹೊರಟಂತೆ, ಗೆರೆ ದಾಟಿತು. ಒಂದು ಕ್ಷಣ ಯಾರೂ ನಂಬಲಿಲ್ಲ. ಆಮೇಲೆ ತಗಡಿನ ಮಾಡು ನಡುಗಿ, ಕೊಕ್ಕೆಗೆ ನೇತುಹಾಕಿದ್ದ ಕಪ್ಪುಗಳೆಲ್ಲ ಒಂದಕ್ಕೊಂದು ತಗುಲಿ ಕಿಣಿಕಿಣಿ ಎಂದವು.

ಕೊನೆಗೆ, ಇನ್ನೇನು ಮುಗಿಯಿತು ಎನ್ನುವಾಗ, ಆ ತುದಿಯಲ್ಲಿ ಸೀಟಿ. ಪೆನಾಲ್ಟಿ, ವೆಸ್ಟ್‌ಹ್ಯಾವನ್‌ಗೆ.

ನನಗೆ ಏನೂ ಕಾಣಿಸದು, ಬರೀ ತಲೆಗಳು. ಕಂಡಿದ್ದರೂ ನೋಡಲಾಗುತ್ತಿರಲಿಲ್ಲ. ನಾನು ಬೆನ್ನು ತಿರುಗಿಸಿ ತುಂಬಿದ ಕಪ್ಪಿಗೇ ಮತ್ತೆ ಟೀ ಸುರಿಯುತ್ತಿದ್ದೆ. ಕಿಟಕಿಯಲ್ಲಿ ಒಬ್ಬ ಎತ್ತರದ ಹೆಂಗಸು ಸಾರು ಕುಡಿಯುತ್ತ ನಿಂತಿದ್ದಳು. ಕುತ್ತಿಗೆಗೆ ವೆಸ್ಟ್‌ಹ್ಯಾವನ್‌ನ ನೀಲಿ ಶಾಲು. ಅವಳು ಕೈ ಒಳಚಾಚಿ ನನ್ನ ಕೈಯಿಂದ ಕೆಟಲ್ ತೆಗೆದಿಟ್ಟಳು.

"ಆ ಗೋಲ್‌ಕೀಪರ್ ನಿನ್ನೋನೇನಮ್ಮಾ?"

"ಅಲ್ಲ... ಗೊತ್ತಿಲ್ಲ."

"ಹಿಡ್ಕೋ," ಎಂದು ತನ್ನ ಕೈ ಕೊಟ್ಟಳು. "ನಾನು ನೋಡಿ ಹೇಳ್ತೀನಿ. ನಮ್ಮೋನು ಚೆಂಡು ಇಟ್ಟ. ಹಿಂದೆ ಬಂದ. ನಿನ್ನೋನು ಕೈ ಅಗಲಿಸಿ ನಿಂತಿದಾನೆ. ದೇವ್ರೇ, ಏನು ಉದ್ದ ಕೈಯಪ್ಪಾ ಅವನದು. ಓಡಿದ... ಹೊಡೆದ..."

ಆ ತುದಿಯಿಂದ ಒಂದು ಗರ್ಜನೆ ಹೊರಟು ಮೈದಾನದುದ್ದಕ್ಕೂ ಉರುಳಿ ಬಂತು. ಯಾರದ್ದೆಂದು ನನಗೆ ತಿಳಿಯಲಿಲ್ಲ. ಆ ಹೆಂಗಸಿನ ಕಣ್ಣು ತುಂಬಿತ್ತು. ಆದರೂ ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು.

"ಹಿಡಿದುಬಿಟ್ಟ ಕಣಮ್ಮಾ. ನಮ್ಮನ್ನ ಮನೆಗೆ ಕಳಿಸಿದ."

ಸೀಟಿ ಊದಿದ ಮೇಲೆ ಜನ ಬೇಲಿ ಹಾರಿ ಒಳನುಗ್ಗಿದರು. ಕ್ಲಿಫ್‌ನನ್ನು ಹೆಗಲ ಮೇಲೆ ಎತ್ತಿದರು. ಅವನು ಒದ್ದಾಡಿ ಕೆಳಗಿಳಿದು, ಮೈದಾನದುದ್ದಕ್ಕೂ ಓಡಿ ಬಂದು ಗೂಡಂಗಡಿಯ ಕಿಟಕಿಗೆ ಬಗ್ಗಿದ. ಮೂಗಿನಿಂದ ರಕ್ತ, ಹುಬ್ಬಿನವರೆಗೆ ಕೆಸರು.

"ಬೂದಿ ಯಾಕೆ ತಂದೆ ಅಂತ ನಾನು ನಿಮಗೆ ಹೇಳ್ಲೇ ಇಲ್ಲ," ಎಂದ, ಏದುಸಿರು ಬಿಡುತ್ತ.

"ಹೇಳೋದೇನು? ನಾನು ಬೇಗ ಹೋಗ್ಲಿ ಅಂತ."

"ಎನಿಡ್, ದಿನಾ ಬೆಳಿಗ್ಗೆ ವ್ಯಾನ್ ಓಡಿಸ್ತಾ ನಾನು ಬೇಡ್ಕೊಳ್ತಿದ್ದದ್ದು ಒಂದೇ. ದೇವ್ರೇ, ಇವತ್ತೂ ನೆಲ ಕಲ್ಲಾಗಿರ್ಲಿ ಅಂತ. ಪಂದ್ಯ ಆದ್ರೆ ನೀನು ಹೋಗ್ತೀಯಲ್ಲ. ಆಮೇಲೆ ನಂಗೇ ನಾಚಿಕೆ ಆಯ್ತು. ನಮ್ಮ ಹುಡುಗ್ರು ಜೀವಮಾನವಿಡೀ ಕಾದ ಪಂದ್ಯ ಅದು. ಅದು ನಡೀಬಾರ್ದು ಅಂತ ಅವರ ಗೋಲ್‌ಕೀಪರೇ ಬೇಡ್ಕೊಳ್ಳೋದಾ? ಮತ್ತೆ ನೀನು... ಹಿಮ ಹಿಡಿದಿಟ್ಕೊಂಡಿದೆ ಅಂತ ಇಲ್ಲಿದ್ದೆ. ಹಾಗೆ ಇರೋದು ಇರೋದಲ್ಲ. ಹೋಗೋಕೆ ದಾರಿ ತೆರೆದಿರುವಾಗ ಕೇಳ್ಬೇಕು ಅನ್ನಿಸ್ತು."

ಕಿಟಕಿಯ ಹಲಗೆಗೆ ತನ್ನಿಂದ ಅಂಟಿದ ಕೆಸರನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ.

"ಏನು ಕೇಳ್ಬೇಕು?" ಎಂದೆ.

"ನಂಗೆ ನೀನು ಅಂದ್ರೆ ಇಷ್ಟ. ಆ ನೀರು ಟೀ ಸಮೇತ. ನಿನಗೆ?"

ನಾನು ಬಾಯಿ ತೆರೆದೆ. ಅವನೇ ತಡೆದ.

"ಬೇಡ, ಈಗ ಹೇಳ್ಬೇಡ. ಗೆದ್ದ ಗಲಾಟೆಯಲ್ಲಿ ಯಾರಾದ್ರೂ ಹೂಂ ಅಂದುಬಿಡ್ತಾರೆ. ರೈಲಿಗೆ ಹೋಗು, ಕೆಲಸಕ್ಕೆ ಸೇರು, ಮಾತು ಕೊಟ್ಟಿದೀಯ. ಇನ್ನೊಂದು ವಾರ ಬಿಟ್ಟು ನಾವು ಕ್ಲಾರೆನ್ಸ್‌ಪೋರ್ಟ್‌ನಲ್ಲಿ ಆಡ್ತೀವಿ. ಅಲ್ಲಿ ನಿನಗೆ ಗೂಡಂಗಡಿ ಇಲ್ಲ, ದೊಡ್ಡಮ್ಮ ಇಲ್ಲ. ಬರೋಕೆ ಒಂದು ನೆಪಾನೂ ಇಲ್ಲ. ಬಂದ್ರೆ ಬಾ."

ನಾನು ನನ್ನ ಕರ್ಚೀಫನ್ನು ಬಿಸಿನೀರಿಗೆ ಅದ್ದಿ ಅವನ ಮೂಗಿನ ಕೆಳಗಿನ ರಕ್ತ ಒರೆಸಿದೆ. ಅವನೇ ನನ್ನ ಪೆಟ್ಟಿಗೆಯನ್ನು ಬ್ರೆಡ್ ವ್ಯಾನಿನಲ್ಲಿಟ್ಟು ಸ್ಟೇಷನ್ನಿಗೆ ತಂದ. ದಾರಿಯುದ್ದಕ್ಕೂ ಜನ ವ್ಯಾನ್ ತಡೆದು ಅವನ ಕೈ ಕುಲುಕುತ್ತಿದ್ದರು. ರೈಲು ಹೊರಟಾಗ ನನ್ನ ಬಟ್ಟೆಗೆಲ್ಲ ಹೊಸ ಬ್ರೆಡ್ಡಿನ ವಾಸನೆ.

ಹೊಸ ಕೆಲಸಕ್ಕೆ ಸೇರಿದ ವಾರದಲ್ಲೇ ರಜೆ ಕೇಳಿದೆ. ಮುಖ್ಯ ಗ್ರಂಥಪಾಲಕಿ ಮಿಸ್ ಟ್ರೆಂಚರ್ ಕನ್ನಡಕದ ಮೇಲಿಂದ ನೋಡಿದರು.

"ಮನೇಲಿ ಯಾರಿಗಾದ್ರೂ ಕಾಯಿಲೆನಾ?"

"ಇಲ್ಲ ಮೇಡಂ. ಫುಟ್‌ಬಾಲ್."

ಅವರು ಮತ್ತೆ ಏನೋ ಬರೆಯತೊಡಗಿದರು. ತಲೆ ಎತ್ತದೆಯೇ ಕೇಳಿದರು, "ಹುಡುಗ ಒಳ್ಳೆಯೋನಾ?"

"ಕಪ್ ತೊಳೀತಾನೆ ಮೇಡಂ."

"ಹಾಗಾದ್ರೆ ಶುಕ್ರವಾರ ಮಧ್ಯಾಹ್ನವೇ ಹೊರಡು. ಶನಿವಾರದ ರೈಲನ್ನ ನಂಬಬೇಡ."

ಕ್ಲಾರೆನ್ಸ್‌ಪೋರ್ಟ್ ದೊಡ್ಡ ಊರು, ದೊಡ್ಡ ಮೈದಾನ. ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಗೋಲಿನ ಹಿಂದೆ, ಅಪರಿಚಿತರ ಮೊಣಕೈಗಳ ನಡುವೆ ತೂರಿಕೊಂಡು ನಿಂತೆ. ಕ್ಲಿಫ್ ಕಂಬದ ಕಡೆ ನಡೆದು ಬಂದವನು ಜನರ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದ. ಕಾಣಲಿಲ್ಲ. ಮತ್ತೆ ಮೊದಲಿನಿಂದ ಹುಡುಕಿದ. ನಾನು ಕೈಗವಸು ಕಳಚಿ ಕೈ ಮೇಲೆತ್ತಿದೆ.

ಆ ದಿನ ನಮ್ಮ ತಂಡ ಆರು ಗೋಲಿನಿಂದ ಸೋತಿತು. ಮೊದಲನೆಯದು ಒಳಗೆ ಹೋದಾಗ ಅವನು ಚೆಂಡನ್ನು ಬಲೆಯಿಂದ ತೆಗೆಯಲು ಬಂದು, ನನ್ನನ್ನು ನೋಡಿ ನಕ್ಕ. ಎರಡನೆಯದಕ್ಕೂ ನಕ್ಕ. ಮೂರನೆಯ ಹೊತ್ತಿಗೆ ಪಕ್ಕದಲ್ಲಿದ್ದ ಗಂಡಸಿಗೆ ತಡೆಯಲಾಗಲಿಲ್ಲ.

"ಏನ್ರೀ, ನಿಮ್ಮ ಗೋಲ್‌ಕೀಪರ್‌ಗೆ ತಲೆ ಕೆಟ್ಟಿದ್ಯಾ? ಇಷ್ಟು ಹೊಡೆಸ್ಕೊಂಡು ಇಷ್ಟು ಖುಷಿಯಾಗಿರೋ ಮನುಷ್ಯನನ್ನ ನಾನು ನೋಡೇ ಇಲ್ಲ."

"ನಾನೂ ನೋಡಿಲ್ಲ," ಎಂದೆ.