ಸರಾಗವಾಗಿ ಮಾತಾಡಿದವನು

ಫೋನ್ ಮೂರನೆಯ ಸಲ ಬಂದಾಗ ಅವಳಿಗೆ ರೇಗಿಹೋಯಿತು. ಎತ್ತಿದರೆ ಆ ಕಡೆಯಿಂದ ಮಾತಿಲ್ಲ, ಬರೀ ಉಸಿರು.

"ಮಾಡೋಕೆ ಬೇರೆ ಕೆಲಸ ಇಲ್ವೇನ್ರೀ?" ಎಂದು ಗದರಿ ಕಟ್ ಮಾಡಿ ಕಂಪ್ಯೂಟರ್ ಕಡೆ ತಿರುಗಿದಳು.

ಅವಳು ವಿಶ್ವವಿದ್ಯಾಲಯದ ಸಂವಹನ ವಿಭಾಗದಲ್ಲಿ ಗ್ರಾಫಿಕ್ ಡಿಸೈನರ್. ಕೈಪಿಡಿ, ಪೋಸ್ಟರ್, ಬ್ಯಾನರ್, ಗುರುತಿನ ಚೀಟಿ, ಕೊನೆಗೆ ಶೌಚಾಲಯದ ಬಾಗಿಲ ಮೇಲಿನ ಚಿತ್ರ ಕೂಡ ಅವಳ ಕೈ ದಾಟಿಯೇ ಹೋಗಬೇಕು. ಪ್ರವೇಶದ ಕಾಲ ಬಂತೆಂದರೆ ಎಲ್ಲ ವಿಭಾಗದವರಿಗೂ ತಮ್ಮ ಹೆಸರು ಇನ್ನೊಂಚೂರು ದಪ್ಪಗಿರಬೇಕು, ಪಕ್ಕದವರದ್ದು ಇನ್ನೊಂಚೂರು ತೆಳ್ಳಗಿರಬೇಕು. ಅದರ ಮಧ್ಯೆ ಈ ಮೂಗ ಫೋನು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ತೋಳು ಮಡಚಿದ ಶರ್ಟು, ಬೆರಳ ತುದಿಗೆ ಸೀಮೆಸುಣ್ಣ, ಕೈಯಲ್ಲಿ ಸುರುಳಿ ಸುತ್ತಿದ ಪೋಸ್ಟರ್.

"ಫ... ಫೋನ್ ಮಾಡಿದ್ದು ನಾನೇ," ಎಂದ. "ಬೇರೆ ಕೆಲಸ ಇದೆ. ಭೌತಶಾಸ್ತ್ರ ಪಾಠ ಮಾಡ್ತೀನಿ."

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಏಳಲೋ ಕೂರಲೋ ತಿಳಿಯದೆ ಅರ್ಧ ಎದ್ದು ನಿಂತಳು.

"ಸಾರಿ ಸರ್, ನಂಗೆ ಗೊತ್ತಾಗ್ಲಿಲ್ಲ, ನಾನು ಯಾರೋ..."

"ಫೋನಲ್ಲಿ ನಂಗೆ ಮಾತು ಹೊರಡೋದು ತಡ. ಅಷ್ಟರಲ್ಲಿ ಜನ ಇಟ್ಟುಬಿಡ್ತಾರೆ. ನೀವಾದ್ರೂ ಬೈದು ಇಟ್ರಿ. ಅದೊಂಥರಾ ಮ... ಮರ್ಯಾದೆನೇ."

ಅವನ ಕಣ್ಣಂಚಿನಲ್ಲಿ ನಗು ಇತ್ತು. ಅದನ್ನು ನೋಡಿ ಅವಳು ಪೂರ್ತಿ ಎದ್ದು ಕುರ್ಚಿ ಎಳೆದುಕೊಟ್ಟಳು.

ಅವನು ಪೋಸ್ಟರ್ ಬಿಚ್ಚಿದ. ಅವಳೇ ಮಾಡಿದ್ದು. ಗಾಜಿನ ಪಟ್ಟಕದಿಂದ ಬೆಳಕು ಒಡೆದು ಬಣ್ಣಬಣ್ಣವಾಗಿ ಹೊರಡುವ ಚಿತ್ರ.

"ಕೆಂಪು ಮೇಲಿರಬೇಕು. ನೇರಳೆ ಕೆಳಗೆ. ನೀವು ತಿರುಗಿಸಿಬಿಟ್ಟಿದ್ದೀರಿ."

"ನೇರಳೆ ಕೆಳಗಿಟ್ರೆ ವಿಭಾಗದ ಹೆಸರು ಕಾಣಲ್ಲ ಸರ್."

"ಬ..." ಎಂದು ತಡೆದ. ತುಟಿ ಬಿಗಿಯಿತು, ಗಲ್ಲ ಒಂದಿಷ್ಟು ಮೇಲೆದ್ದಿತು.

"ಬಣ್ಣ," ಎಂದಳು ಅವಳು, ಸಹಾಯ ಮಾಡುವ ಉತ್ಸಾಹದಲ್ಲಿ.

ಅವನು ತಲೆಯಾಡಿಸಿ ಕಾದ. "ಬೆಳಕು. ಬೆಳಕು ನಮ್ಮ ವಿಭಾಗದ ಹೆಸರು ನೋಡಿ ಬ... ಬಾಗಲ್ಲ ಅಂತ ಹೇಳ್ಬೇಕಿತ್ತು. ನೀವು ಹೇಳಿದ ಪದ ಚೆನ್ನಾಗಿದೆ. ಆದ್ರೆ ನಂದಲ್ಲ."

ಅವಳು ನಾಲಿಗೆ ಕಚ್ಚಿಕೊಂಡಳು. ನಕ್ಕಿದ್ದು ಇಬ್ಬರೂ ಒಟ್ಟಿಗೇ.

ಬಣ್ಣ ಸರಿಯಾಯಿತು. ಸರಿಯಾಗಿದೆಯೇ ಎಂದು ನೋಡಲು ಅವನು ಮರುದಿನ ಬಂದ. ಅಚ್ಚಿಗೆ ಹೋಯಿತೇ ಎಂದು ಕೇಳಲು ಅದರ ಮರುದಿನ. ಆಮೇಲೆ ನೆಪಗಳು ತೆಳ್ಳಗಾದವು, ಭೇಟಿಗಳು ಉದ್ದವಾದವು. ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿನಲ್ಲಿ ಅವನು ಅವಳಿಗೆ ಆಕಾಶ ಯಾಕೆ ನೀಲಿ ಎಂದು ಹೇಳುತ್ತಿದ್ದ. ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಬಿಟ್ಟರೆ ಪದ ಉಸಿರಾಡುತ್ತದೆ ಎಂದು ಅವಳು ಅವನಿಗೆ ತೋರಿಸುತ್ತಿದ್ದಳು.

"ನನ್ನ ಅಕ್ಷರಗಳ ಮಧ್ಯೆ ಜಾಗ ಜಾಸ್ತಿ," ಎಂದ ಒಮ್ಮೆ.

"ಕಣ್ಣಿಗೆ ಹಿತವಾಗಿದೆ," ಎಂದಳು ಅವಳು, ಅವನ ಕಪ್ಪಿನೊಳಗೆ ನೋಡುತ್ತ. ಮುಖ ನೋಡಿ ಹೇಳುವಷ್ಟು ಧೈರ್ಯ ಆಗ ಇನ್ನೂ ಬಂದಿರಲಿಲ್ಲ.

ಅಧ್ಯಾಪಕರ ಕಿರುಚಿತ್ರದ ಮಾತು ಬಂದಿದ್ದು ಆ ದಿನಗಳಲ್ಲೇ. ವಿಡಿಯೋ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟಿದ್ದರಿಂದ ಆ ಹೊರೆಯೂ ಇವಳ ತಲೆಗೇ ಬಿದ್ದಿತ್ತು. ಒಬ್ಬೊಬ್ಬ ಅಧ್ಯಾಪಕರು ತಮ್ಮ ವಿಷಯದ ಬಗ್ಗೆ ನಾಲ್ಕು ಮಾತು ಹೇಳಬೇಕು. ಅವನನ್ನು ಕೇಳಿದಾಗ ಕಾಫಿ ಕಪ್ಪು ಕೆಳಗಿಟ್ಟ.

"ಒಂದು ಷರತ್ತು. ನನ್ನ ತಡವರಿಕೆ ಕತ್ತರಿಸಬಾರದು. ನನ್ನ ಕ್ಲಾಸಲ್ಲಿ ಒಬ್ಬ ಹುಡುಗಿ ಇದ್ದಾಳೆ. ನನ್ನ ಥರಾನೇ. ಹಾಜರಿ ಕೂಗಿದ್ರೆ ಕೈ ಎತ್ತುತ್ತಾಳೆ, ಬಾಯಿ ಬಿಡಲ್ಲ. ದೊಡ್ಡ ಪರದೆ ಮೇಲೆ ಒಬ್ಬ ಹೀಗೆ ಮಾತಾಡೋದನ್ನ ಅವಳು ನೋಡ್ಬೇಕು."

"ಒಂದು ಅಕ್ಷರ ಮುಟ್ಟಲ್ಲ. ನನ್ನಾಣೆ," ಎಂದಳು ಅವಳು.

ಚಿತ್ರೀಕರಣ ಚೆನ್ನಾಗಿಯೇ ಆಯಿತು. ಪ್ರಯೋಗಾಲಯದ ಕಿಟಕಿಗೆ ಬೆನ್ನು ಹಾಕಿ ಅವನು ಹೇಳಿದ್ದರ ಸಾರ ಇಷ್ಟೇ: ಬೆಳಕು ನಮಗೆ ಕಾಣುವುದಿಲ್ಲ, ಅದು ಬಿದ್ದ ವಸ್ತು ಮಾತ್ರ ಕಾಣುತ್ತದೆ. 'ಬೆಳಕು' ಎಂಬಲ್ಲಿ ಪ್ರತಿ ಸಲವೂ ತಡೆದ. ಪ್ರತಿ ಸಲವೂ ದಾಟಿದ.

ಸಂವಹನ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಎಲ್ಲ ತುಣುಕುಗಳನ್ನೂ ನೋಡಿ, ಇವನದರ ಬಳಿ ಹೇಳಿದ್ದು ಒಂದೇ ಮಾತು: "ಇದು ಸ್ವಲ್ಪ ಉದ್ದ ಆಯ್ತಲ್ಲ. ಟ್ರಿಮ್ ಮಾಡಮ್ಮ."

ಕೊಟ್ಟ ಮಾತಿನ ಬಗ್ಗೆ ಅವಳು ಅಲ್ಲಿಯೇ ಹೇಳಬಹುದಿತ್ತು. ಬಾಯಿ ತುದಿಗೆ ಬಂದಿತ್ತು ಕೂಡ. "ಆಯ್ತು ಮೇಡಂ," ಎಂದುಬಿಟ್ಟಳು.

ಮಧ್ಯಾಹ್ನ ಕೂತು ಕತ್ತರಿಸಿದಳು. ಮಾತು ತಡೆದ ಕಡೆಯೆಲ್ಲ ಅವನ ಮುಖ ತೆಗೆದು ಗಾಜಿನ ಪಟ್ಟಕ, ಗೋಡೆಯ ಮೇಲಿನ ಬಣ್ಣ, ಪ್ರಯೋಗ ಮಾಡುವ ವಿದ್ಯಾರ್ಥಿಗಳ ಕೈ ಇಟ್ಟಳು. ಒಂದು ಕಡೆಯ 'ಬೆ'ಯನ್ನು ಇನ್ನೊಂದು ಕಡೆಯ 'ಳಕು'ವಿಗೆ ಅಂಟಿಸಿದಳು. ಹೊಲಿಗೆ ಎಲ್ಲೂ ಕಾಣಲಿಲ್ಲ. ಪೂರ್ತಿ ಓಡಿಸಿ ನೋಡಿದಾಗ, ಕಿಟಕಿಯ ಬೆಳಕಿನಲ್ಲಿ ಅವನು ನೀರು ಹರಿದಂತೆ ಮಾತಾಡುತ್ತಿದ್ದ.

ಅವಳು ಅದನ್ನು ಮತ್ತೊಮ್ಮೆ ನೋಡಿದಳು. ಮತ್ತೂ ಒಮ್ಮೆ. ಇಷ್ಟವಾಯಿತು. ಕೆಲಸ ಅಚ್ಚುಕಟ್ಟಾಗಿದೆ ಎಂದಷ್ಟೇ ಅಲ್ಲ, ಅವನು ಹೀಗಿದ್ದರೆ ಎಷ್ಟು ಚೆಂದ ಎಂದೂ ಅನ್ನಿಸಿತು. ಅನ್ನಿಸಿದ ಕೂಡಲೇ ವಿಡಿಯೋ ನಿಲ್ಲಿಸಿದಳು.

ಆದರೂ ಮನೆಗೆ ಹೋಗಿ ಮೊಬೈಲಿನಲ್ಲಿ ಅಮ್ಮನಿಗೆ ತೋರಿಸಿದಳು. ಮಗಳು ಮೊಬೈಲು ನೋಡಿ ಈಚೆಗೆ ಯಾಕೆ ಇಷ್ಟೊಂದು ನಗುತ್ತಾಳೆ ಎಂದು ಅಮ್ಮ ಬಹಳ ದಿನದಿಂದ ಕೇಳುತ್ತಿದ್ದರು.

"ಓ, ಇವನೇನಾ?" ಅಮ್ಮ ಕನ್ನಡಕ ಏರಿಸಿದರು. "ಲಕ್ಷಣವಾಗಿದ್ದಾನೆ. ಎಷ್ಟು ಚೆನ್ನಾಗಿ ಮಾತಾಡ್ತಾನಲ್ಲೇ!"

"ಹೂಂ," ಎಂದಳು ಅವಳು.

ಆ ಒಂದು 'ಹೂಂ' ಆದ ಮೇಲೆ ಅವನನ್ನು ತಪ್ಪಿಸತೊಡಗಿದಳು. ಅವನು ಕ್ಯಾಂಟೀನಿಗೆ ಕರೆದಾಗ ಕೆಲಸವಿದೆ ಎಂದಳು. "ಚಿತ್ರ ಹೇಗೆ ಬಂತು?" ಎಂದು ಕೇಳಿದಾಗ "ಸಸ್ಪೆನ್ಸ್" ಎಂದು ನಕ್ಕಳು. ಹೇಳಿಬಿಡಬೇಕೆಂದು ದಿನವೂ ಹೊರಡುತ್ತಿದ್ದಳು. ಮೆಟ್ಟಿಲು ಹತ್ತುವಷ್ಟರಲ್ಲಿ ಧೈರ್ಯ ಸೋರಿಹೋಗುತ್ತಿತ್ತು.

ಚಿತ್ರ ತೋರಿಸುವ ದಿನ ಸಭಾಂಗಣ ತುಂಬಿತ್ತು, ಅವನು ಮುಂದಿನ ಸಾಲಿನಲ್ಲಿದ್ದ. ಹಿಂದೆ ವಿದ್ಯಾರ್ಥಿಗಳು. ಅವಳು ಪ್ರೊಜೆಕ್ಟರ್ ಪಕ್ಕ ನಿಂತಿದ್ದಳು. ಪರದೆಯ ಮೇಲೆ ಅವನ ಮುಖ ಬಂತು, ಅವನ ದನಿ ಬಂತು. ಎಲ್ಲೂ ತಡೆಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಪಕ್ಕದವರು ಅವನ ಬೆನ್ನು ತಟ್ಟಿದರು. ಅವನ ತಲೆ ಒಂದಿಂಚೂ ಅಲುಗಾಡಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅವನು ಕಾಯುತ್ತಿದ್ದ.

"ಅವನು ಯಾರು?" ಎಂದ.

"ಮೇಡಂ ಉದ್ದ ಆಯ್ತು ಅಂದ್ರು. ನಾನು..."

"ಮೇಡಂಗೆ ನೀವು ಮಾತು ಕೊಟ್ಟಿದ್ದು ಗೊತ್ತಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಂಗಾದ್ರೂ ಹೇಳ್ಬಹುದಿತ್ತು. ಬೇಡ, ತೆಗೆದುಹಾಕಿ ಅಂತಿದ್ದೆ." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು. "ಆ ಹುಡುಗಿ ಈಗ ಬಂದಿದ್ಳು. ಮೊದಲನೇ ಸಲ ನನ್ನ ಹತ್ರ ಬ... ಬಾಯಿ ಬಿಟ್ಳು. ಏನು ಕೇಳಿದ್ಳು ಗೊತ್ತಾ? ಯಾವ ಡಾಕ್ಟರ್ ಸರ್, ಯಾವಾಗ ವಾಸಿ ಆಯ್ತು ಅಂತ."

ಅವನು ಹೋದ. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು. ಯಾರೋ ಬಂದು "ವಿಡಿಯೋ ಸೂಪರ್" ಎಂದು ಹೇಳಿ ಹೋದರು.

ಮನೆಯಲ್ಲಿ ಅನ್ನ ಕಲಸುತ್ತ ಕೂತವಳು ತಟ್ಟೆಗೇ ಹೇಳಿದಳು. "ಅಮ್ಮ, ಅವರು ಹಾಗೆ ಮಾತಾಡಲ್ಲ. ತಡವರಿಸ್ತಾರೆ. ನಾನೇ ಕತ್ತರಿಸಿದ್ದು."

ಅಮ್ಮ ಸೌಟು ಕೆಳಗಿಟ್ಟರು. "ನಂಗ್ಯಾಕೆ ಮುಚ್ಚಿಟ್ಟೆ? ನಾನೇನು ಅಂದುಬಿಡ್ತೀನಿ ಅಂತನಾ?"

"ಗೊತ್ತಿಲ್ಲ."

"ಗೊತ್ತಿದೆ. ನಿಂಗೇ ನಾಚಿಕೆ ಆಯ್ತು. ನನ್ನ ತಲೆ ಮೇಲೆ ಹಾಕ್ಬೇಡ." ಅಮ್ಮ ಸಾರು ಬಡಿಸಿದರು. ಆಮೇಲೆ ಮೆತ್ತಗೆ, "ಅಳ್ತಾ ಊಟ ಮಾಡಿದ್ರೆ ನೆತ್ತಿಗೇರುತ್ತೆ. ಮೊದಲು ಅತ್ತು ಮುಗಿಸು," ಎಂದರು.

ಬೆಳಗ್ಗೆ ಅವಳು ದೊಡ್ಡ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ನಿಂತಿದ್ದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೇಳಿಸಿಕೊಂಡರು.

"ಬೇರೆಯವರದ್ದು ಕಡಿಮೆ ಮಾಡಿ ಇವರದ್ದು ಹಾಗೇ ಇಡಬಹುದಿತ್ತು. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ. ನಾನೇನು ಹುಲೀನಾ?"

ಹುಲಿಯಾಗಿದ್ದರೆ ಚೆನ್ನಾಗಿತ್ತು. ದೂಷಿಸಲು ಇದ್ದ ಕೊನೆಯ ಮನುಷ್ಯರೂ ಕೈತಪ್ಪಿದ್ದರು.

ಕತ್ತರಿಸದ ಮೂಲ ತುಣುಕನ್ನು ತೆಗೆದುಕೊಂಡು ಅವಳು ಪ್ರಯೋಗಾಲಯಕ್ಕೆ ಹೋದಳು. ಅವನು ಮಸೂರಗಳನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದ.

"ಈ ಸಲ ಕೇಳಿ ಮಾಡ್ತೀನಿ," ಎಂದಳು ಬಾಗಿಲಲ್ಲೇ ನಿಂತು. "ಪೂರ್ತಿ ಚಿತ್ರ ನಿಮ್ಮ ಕ್ಲಾಸಿಗೆ ತೋರಿಸ್ಬಹುದಾ? ಕತ್ತರಿಸಿದ್ದು ನಾನು ಅಂತ ನಾನೇ ಹೇಳ್ತೀನಿ. ಆ ಹುಡುಗಿ ವಿಷಯ ಎತ್ತಲ್ಲ."

ಅವನು ಮಸೂರವನ್ನು ಬೆಳಕಿಗೆ ಹಿಡಿದು ನೋಡಿದ. "ಮಧ್ಯಾಹ್ನ ಬನ್ನಿ," ಎಂದ. ಅಷ್ಟೇ.

ಜನರ ಮುಂದೆ ಮಾತಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಅವಳ ಮಾತೆಲ್ಲ ಪೋಸ್ಟರ್ ಮೇಲೆ. ತರಗತಿಯ ಮುಂದೆ ನಿಂತು ಮೇಜಿನ ಅಂಚು ಹಿಡಿದಳು.

"ನಿನ್ನೆ ನೀವು ನೋಡಿದ ವಿಡಿಯೋದಲ್ಲಿ ಸರ್ ಮಾತನ್ನ ನಾನು ಕತ್ತರಿಸಿದ್ದೆ. ಕತ್ತರಿಸಲ್ಲ ಅಂತ ಮಾತು ಕೊಟ್ಟು ಕತ್ತರಿಸಿದೆ. ನಿಜವಾದದ್ದು ಇದು."

ಪರದೆಯ ಮೇಲೆ ಅವನು ಮಾತಾಡತೊಡಗಿದ. 'ಬ' ಬಂದು ನಿಂತಿತು. ಕೋಣೆ ಕಾಯಿತು. ಹಿಂದೆ ಯಾರೋ ಕಿಸಕ್ಕೆಂದು ಕೂಡಲೇ ಬಾಯಿ ಮುಚ್ಚಿಕೊಂಡರು. 'ಬೆಳಕು' ಎಂದು ಅವನು ದಾಟಿದಾಗ ಇಡೀ ತರಗತಿ ಉಸಿರು ಬಿಟ್ಟದ್ದು ಕೇಳಿಸಿತು.

ಮುಗಿದ ಮೇಲೆ ಕಿಟಕಿ ಕಡೆಯಿಂದ ಒಂದು ಕೈ ಎದ್ದಿತು. ಎರಡು ಜಡೆಯ ತೆಳ್ಳನೆಯ ಹುಡುಗಿ. ಯಾರೆಂದು ಯಾರೂ ಹೇಳಬೇಕಿರಲಿಲ್ಲ.

"ಕ... ಕ... ಕತ್ತರಿಸಿದ್ಮೇಲೆ," ಎಂದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ಸಿಟ್ಟಿತ್ತು. "ನಿಮಗೆ ಖ... ಖುಷಿ ಆಯ್ತಾ?"

ಹುಡುಗಿಯ ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಅವಳು ಕಾದಿದ್ದಳು. ಸುಳ್ಳು ಹೊಂದಿಸಲು ಬೇಕಾದಷ್ಟು ಸಮಯವಿತ್ತು.

"ಹೂಂ," ಎಂದಳು. "ಆಯ್ತು. ಅದೇ ನನ್ನ ತಪ್ಪು. ಕತ್ತರಿಸಿದ್ದಕ್ಕಿಂತ ದೊಡ್ಡದು."

ಹುಡುಗಿ ಅವಳನ್ನೇ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ, ನಗಲಿಲ್ಲ. "ಸ... ಸರಿ," ಎಂದು ಕೂತಳು.

ತರಗತಿ ಖಾಲಿಯಾಯಿತು. ಅವನು ಬೆಂಚಿನ ತುದಿಯಲ್ಲಿ ಕೂತ. ಅವಳು ನಿಂತೇ ಹೇಳಿದಳು.

"ಇನ್ನೂ ಒಂದಿದೆ. ಆ ವಿಡಿಯೋನ ಅಮ್ಮನಿಗೆ ತೋರಿಸಿದೆ. ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಂದ್ರು. ನಾನು ಹೂಂ ಅಂದೆ. ನಿಮ್ಮನ್ನ ಪ್ರೀತಿಸ್ತಾ ಇದ್ದೆ, ನಿಮ್ಮ ಬಗ್ಗೆ ನಾಚಿಕೆನೂ ಪಡ್ತಾ ಇದ್ದೆ. ಎರಡೂ ಒಟ್ಟಿಗೆ. ಇದನ್ನ ಹೇಳದೇ ಇದ್ರೆ ಮತ್ತೆ ಕತ್ತರಿಸಿದ ಹಾಗೇ ಆಗುತ್ತೆ."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಮಾತು ತಡೆದಿದೆಯೋ, ಮಾತೇ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

"ನಿನ್ನೆ ರಾತ್ರಿ ವಿಭಾಗದ ಗ್ರೂಪಿಗೆ ಬಂದಿತ್ತು, ನಾನೂ ಅದನ್ನ ನೋಡಿದೆ," ಎಂದ ಕೊನೆಗೆ. "ಮತ್ತೆ ಮತ್ತೆ ನೋಡಿದೆ. ನಂಗೂ ಅವನು ಇ... ಇಷ್ಟ ಆದ. ಹುಡುಗೀಗೆ ಧೈರ್ಯ ಹೇಳೋಕೆ ಹೊರಟವನು ನಾನು. ಅವನೇ ನಾನಾಗಿದ್ರೆ ಅಂತ ಕೂತು ಅತ್ತೆ. ನಿಮ್ಮ ಮೇಲಿನ ಸಿಟ್ಟಲ್ಲಿ ಅರ್ಧ ನನ್ನ ಮೇಲಿನದೇ."

ಅವಳ ಕಣ್ಣು ತುಂಬಿತು. "ನಂಗೆ ಅವನು ಬೇಡ."

"ಈಗ ಬೇಡ ಅಂತೀರಿ. ನಾಳೆ ನಿಮ್ಮ ಸ್ನೇಹಿತರ ಮುಂದೆ ನಾನು ಸಿಕ್ಕಿಹಾಕ್ಕೊಂಡಾಗ?"

"ಆಗ ನಾಚಿಕೆ ಆಗ್ಬಹುದು," ಎಂದಳು, ಮೂಗು ಒರೆಸಿಕೊಳ್ಳುತ್ತ. "ಆದ್ರೆ ಅವತ್ತೇ ನಿಮಗೆ ಹೇಳ್ತೀನಿ."

ಅವನು ಜೋರಾಗಿ ನಕ್ಕುಬಿಟ್ಟ. "ಇಷ್ಟು ಕೆಟ್ಟದಾಗಿ ಯಾರೂ ಪ್ರೀತಿ ಹೇಳ್ಕೊಂಡಿರಲ್ಲ."

"ಹೊಸಬಳು. ಕಲೀತೀನಿ."

"ಸಿಟ್ಟು ಇನ್ನೂ ಇದೆ."

"ಇರಲಿ. ಎಷ್ಟು ದಿನ ಬೇಕೋ ಇಟ್ಕೊಳ್ಳಿ. ಆದ್ರೆ ದೂರ ಕೂತು ಇಟ್ಕೋಬೇಡಿ."

ಅವನು ಬೆಂಚಿನ ಮೇಲೆ ಸ್ವಲ್ಪ ಸರಿದ. ಒಬ್ಬರು ಕೂರುವಷ್ಟು ಜಾಗವಾಯಿತು. ಅವಳು ಕೂತಳು. ಕೂತ ಮೇಲೂ ಎದೆಯ ಭಾರ ಇಳಿಯಲಿಲ್ಲ. ಅವನು ಅವಳ ಕೈ ಮೇಲೆ ಕೈ ಇಟ್ಟಾಗ ಅದು ಇನ್ನಷ್ಟು ಹೆಚ್ಚಿತು, ಇಂಥವನಿಗೆ ಹೀಗೆ ಮಾಡಿದೆನಲ್ಲ ಎಂದು. ಆ ಕೈ ಮಾತ್ರ ಬೆಚ್ಚಗಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.