ಒಂದು ಮಧ್ಯಾಹ್ನದ ಬಡತನ

ಅಣ್ಣನ ಮಗ ಊರಿನ ಆ ದೊಡ್ಡ ಶಾಲೆಯ ನೀಲಿ ಕೋಟು ಹಾಕಿಕೊಂಡು ಬಂದಾಗಲೆಲ್ಲ ಲಾಂಡ್ರಿ ಮಾಲೀಕನ ಹೊಟ್ಟೆಯಲ್ಲಿ ಕೆಂಡ ಮಗುಚಿದಂತಾಗುತ್ತಿತ್ತು. ಆ ಕೋಟನ್ನು ಪುಕ್ಕಟೆ ಒಗೆದುಕೊಡುವವನೂ ಅವನೇ.

"ನಿನ್ನ ಮಗಳನ್ನೂ ಸೇರಿಸೋ," ಅನ್ನುತ್ತಿದ್ದ ಅಣ್ಣ. "ಆಗದಿದ್ರೆ ಬಿಡು, ಎಲ್ಲರ ಕೈಲೂ ಆಗ್ಬೇಕಲ್ಲ."

ಈಗ ಮಗಳು ಪ್ರವೇಶ ಪರೀಕ್ಷೆ ಗೆದ್ದುಬಿಟ್ಟಿದ್ದಳು. ಉಳಿದದ್ದು ಫೀಸು. ಕೈಲಾಗದವರ ಫೀಸಿನ ಬಹುಪಾಲನ್ನು ಶಾಲೆಯೇ ಬಿಟ್ಟುಕೊಡುತ್ತಿತ್ತು. ಆದರೆ ಸುಮ್ಮನೆ ಅಲ್ಲ. ಸಂಪಾದನೆ, ಮನೆ, ಕಾರು, ಒಡವೆ, ಪ್ರವಾಸ ಎಲ್ಲವನ್ನೂ ಕೆದಕಿ, ಕೊನೆಗೆ ಮನೆಗೇ ಬಂದು ನೋಡಿ. ಅವನ ಸಂಪಾದನೆ ಅವರ ಮಿತಿಗಿಂತ ತುಸುವೇ ಮೇಲಿತ್ತು. ಎರಡನೇ ಅಂಗಡಿಯ ಆಸೆ ಬಿಟ್ಟರೆ ಪೂರ್ತಿ ಫೀಸು ಕಟ್ಟಬಹುದಿತ್ತು. ಬಿಡಲು ಮನಸ್ಸಿರಲಿಲ್ಲ.

ಕಲೆ ತೆಗೆಯುವುದು ಅವನ ಕಸುಬು. ಅವಸರದವರು ಉಜ್ಜುತ್ತಾರೆ, ಬಟ್ಟೆ ಬಿಳಿಚಿಕೊಂಡು ಕಲೆಯಿದ್ದ ಜಾಗವನ್ನೇ ತೋರಿಸುತ್ತದೆ. ತಿಳಿದವರು ಸುತ್ತಲಿಂದ ಒಳಕ್ಕೆ ಮೆಲ್ಲಗೆ ಬರುತ್ತಾರೆ. ಅವನೂ ಹಾಗೇ ಬಂದ. ಅಂಗಡಿಯನ್ನು ಭಾವಮೈದುನನ ಹೆಸರಿಗೆ ಮಾಡಿ, ತಾನು ಅಲ್ಲಿ ಸಂಬಳದವನಾದ. ಕಾರು ಭಾವಮೈದುನನ ಮನೆಯಂಗಳ ಸೇರಿತು. ತನ್ನ ಮನೆಯ ವಿಳಾಸವೆಂದು ಅಂಗಡಿಯ ಇಸ್ತ್ರಿಯವನ ಒಂದೂವರೆ ಕೋಣೆಯ ಬಾಡಿಗೆ ಮನೆಯ ವಿಳಾಸ ಕೊಟ್ಟ.

"ಒಂದು ಮಧ್ಯಾಹ್ನದ ಮಟ್ಟಿಗೆ ನಿನ್ನ ಮನೆ ಬೇಕಿತ್ತಲ್ಲಯ್ಯ. ನೀವೆಲ್ಲ ಎಲ್ಲಾದ್ರೂ ಸುತ್ತಾಡಿಕೊಂಡು ಬನ್ನಿ."

ಇಸ್ತ್ರಿಯವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ನಮ್ಮನೇನಾ? ಅಲ್ಲೇನಿದೆ ಅಂತ ಸಾರ್?"

"ಏನೂ ಇಲ್ಲ ಅಂತಾನೇ ಬೇಕು."

"ಆಗ್ಲಿ ಸಾರ್." ಅವನು ತಲೆ ಕೆರೆದುಕೊಂಡ. "ನಮ್ಮ ಹುಡುಗಿ ವಿಷಯ ಒಂದು ಹೇಳ್ಬೇಕಿತ್ತು..."

"ಆಮೇಲೆ ಹೇಳು ಮಾರಾಯ." ಸಾಲ ಕೇಳುತ್ತಾನೆ, ಇನ್ನೇನು ಎಂದುಕೊಂಡ ಮಾಲೀಕ.

ಶಾಲೆಯವರು ಬರುವ ದಿನ ಅವನು ಹೆಂಡತಿ, ಮಗಳೊಡನೆ ಇಸ್ತ್ರಿಯವನ ಮನೆ ಸೇರಿಕೊಂಡ. ಗಿರಾಕಿಗಳು ಬಿಟ್ಟುಹೋಗಿದ್ದ ಹಳೇ ಬಟ್ಟೆಗಳನ್ನು ಮೂವರೂ ಹಾಕಿಕೊಂಡರು. ಬಳೆ ಬಿಚ್ಚಿದ ಹೆಂಡತಿಯ ಮುಂಗೈಯಲ್ಲಿ ಬಿಳಿ ಗೆರೆ ಎದ್ದು ಕಂಡಿತು. ಬಟ್ಟೆಯ ತೋಳನ್ನು ಅದರ ಮೇಲೆ ಇಳಿಬಿಡಲು ಹೇಳಿದ. ಇಸ್ತ್ರಿಯವನ ಸಂಸಾರದ ಫೋಟೊ ಇಳಿಸಿ, ತಮ್ಮದನ್ನು ಅದೇ ಮೊಳೆಗೆ ತೂಗುಹಾಕಿದ. ಫೋಟೊ ಚಿಕ್ಕದಾಯಿತು, ಸುತ್ತ ಗೋಡೆಯ ಮಾಸದ ಬಣ್ಣ ಇಣುಕಿತು. ಅದನ್ನೂ ತೆಗೆದು ದೊಡ್ಡ ಕ್ಯಾಲೆಂಡರ್ ಹಾಕಿದ.

"ಎಲ್ಲಿ ಓದ್ಕೋತೀಯ ಪುಟ್ಟಿ?"

"ಅಡುಗೆಮನೆ ಬಾಗಿಲ ಹತ್ರ." ಕಲಿಸಿದ್ದನ್ನು ಮಗಳು ಒಪ್ಪಿಸಿದಳು. "ಅಪ್ಪಾ, ಸಿಕ್ಕಿಹಾಕ್ಕೊಂಡ್ರೆ?"

"ನಿಮ್ಮಪ್ಪ ಮಾಡಿರೋ ಕೆಲಸ ಕಣೇ ಇದು," ಅಂದ. ಸಿಕ್ಕಿಬಿದ್ದರೆ ಫೀಸಿನ ಮಾಫಿಯಷ್ಟೇ ಅಲ್ಲ, ಅವಳು ಗೆದ್ದ ಸೀಟೇ ಹೋಗುತ್ತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಶಾಲೆಯ ಮೇಡಂ ಬೆದರಿಸುವಂಥವರಲ್ಲ. ಮೆತ್ತಗಿನ ಮಾತು, ತೆಳು ಕನ್ನಡಕ. ಅದೇ ಇನ್ನೂ ಭಯ ಹುಟ್ಟಿಸಿತು. ಅವರ ಕಣ್ಣು ಹೋದಲ್ಲೆಲ್ಲ ಅವನ ಜೀವವೂ ಹೋಗಿ ಬರುತ್ತಿತ್ತು. ಒಲೆ, ಚಾಪೆ, ಬೀರು, ಕ್ಯಾಲೆಂಡರ್. ಕ್ಯಾಲೆಂಡರಿನ ಮೇಲೆ ಅವರ ನೋಟ ತುಸು ಹೆಚ್ಚೇ ನಿಂತಿತು.

"ಇಲ್ಲಿ ಎಷ್ಟು ವರ್ಷದಿಂದ ಇದೀರಿ?"

"ಮಗಳು ಹುಟ್ಟಿದ್ದೇ ಇಲ್ಲಿ ಮೇಡಂ." ಕೇಳದಿದ್ದರೂ ಸೇರಿಸಿದ: "ಕಣ್ಣು ಕಟ್ಟಿ ಬಿಟ್ರೂ ಓಡಾಡ್ತೀವಿ."

"ಹೌದಾ," ಎಂದರು ಮೇಡಂ.

ಉತ್ತರಗಳೆಲ್ಲ ನೀರು ಕುಡಿದಷ್ಟು ಸಲೀಸಾಗಿ ಬಂದವು. ಅವನ ಉಸಿರು ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಹೊರಗೆ ಮೋಡ ಕವಿದು ಕೋಣೆ ಮಬ್ಬಾಯಿತು.

"ಬರೆಯೋಕೆ ಕಾಣಿಸ್ತಿಲ್ಲ. ಸ್ವಲ್ಪ ಲೈಟ್ ಹಾಕ್ತೀರಾ?"

ಅವನು ಎದ್ದು ಬಾಗಿಲ ಪಕ್ಕದ ಗೋಡೆ ಸವರಿದ. ಬರೀ ಗೋಡೆ. ಇನ್ನೊಂದು ಪಕ್ಕ ಸವರಿದ. ಹೆಂಡತಿ ಅಡುಗೆಮನೆಯೊಳಕ್ಕೆ ಇಣುಕಿದಳು. ಮಗಳು ಅಪ್ಪನ ಬೆರಳುಗಳನ್ನೇ ನೋಡುತ್ತ ಬಿಳಿಚಿಕೊಂಡಳು.

ಮೇಡಂ ಎದ್ದರು. ತಲೆಯನ್ನೂ ತಿರುಗಿಸದೆ ಬೀರುವಿನ ಹಿಂದಕ್ಕೆ ಕೈ ತೂರಿಸಿದರು. ಟಕ್ ಎಂದಿತು, ಬೆಳಕಾಯಿತು. "ಹೋದ ವಾರ ನನಗೂ ಸಿಕ್ಕಿರ್ಲಿಲ್ಲ," ಎಂದರು, ಅದೇ ಮೆತ್ತಗಿನ ದನಿಯಲ್ಲಿ. "ಈ ಮನೆ ಹುಡುಗಿ ತೋರಿಸಿಕೊಟ್ಲು. ಅವಳೂ ನಮ್ಮ ಪರೀಕ್ಷೆ ಪಾಸು ಮಾಡಿದಾಳೆ, ಅವರಪ್ಪ ಎಲ್ಲೋ ಲಾಂಡ್ರೀಲಿ ಇಸ್ತ್ರಿ ಮಾಡ್ತಾರಂತೆ. ಒಂದೇ ಮನೆಯಿಂದ ಎರಡು ಸಂಸಾರದೋರು ಮಾಫಿ ಕೇಳಿದ್ರಲ್ಲ, ಅದಕ್ಕೇ ಇನ್ನೊಂದು ಸಲ ಬಂದೆ."